ಸಮುದಾಯ ಭಿತ್ತಿಚಿತ್ರ

ಸಮುದಾಯ ಭಿತ್ತಿಚಿತ್ರ: ಒಂದು ಬಡಾವಣೆಯ ಜನ ಕಲಾವಿದರ ಜೊತೆ ಸೇರಿ, ತಾವು ದಿನವೂ ಓಡಾಡುವ ಬೀದಿಯ ಗೋಡೆಯ ಮೇಲೆ, ತಾವೇ ಕೂತು ಗೊತ್ತುಮಾಡಿಕೊಂಡ ವಿಷಯವನ್ನು ಕುರಿತು ಬರೆಯುವ ದೊಡ್ಡ ಚಿತ್ರ. ಈಗ ನಾವು ಕಾಣುವ ರೂಪದಲ್ಲಿ ಇದು ಬೆಳೆದದ್ದು 1960ರ ದಶಕದ ಕೊನೆಯಿಂದೀಚೆಗೆ, ಮುಖ್ಯವಾಗಿ ಅಮೆರಿಕದ ನಗರಗಳಲ್ಲಿ ಮತ್ತು ಚಿಲಿಯಲ್ಲಿ. ಸ್ಪ್ರೇ ಡಬ್ಬಿಯ ಗ್ರಾಫಿಟಿಯೂ ಅದೇ ವರ್ಷಗಳಲ್ಲಿ ಅಮೆರಿಕದ ನಗರಗಳಲ್ಲಿ ಹುಟ್ಟಿತು. ಎರಡೂ ಕೆಲವು ಕಡೆ ಜಗಳವಾಡಿದವು, ಕೆಲವು ಕಡೆ ಕೂಡಿಕೊಂಡವು. ಸರ್ಕಾರವೋ ಕಂಪನಿಯೋ ಹಣ ಕೊಟ್ಟು ಬರೆಸುವ ಅಲಂಕಾರದ ಗೋಡೆಚಿತ್ರಗಳನ್ನೂ ಇದೇ ಹೆಸರಿನಿಂದ ಕರೆಯುವುದುಂಟು. ಆದರೆ ಗೋಡೆಯ ಮೇಲೆ ಏನಿರಬೇಕು ಎಂಬುದನ್ನು ಅಲ್ಲಿನ ನಿವಾಸಿಗಳು ತೀರ್ಮಾನಿಸಿರದಿದ್ದರೆ ಚಿತ್ರ ಎಷ್ಟೇ ಚೆಂದವಿದ್ದರೂ ಅದು ಈ ಪರಂಪರೆಗೆ ಸೇರುವುದಿಲ್ಲ.

ಪೂರ್ವಪೀಠಿಕೆ

1920ರ ದಶಕದ ಮೆಕ್ಸಿಕೊದಲ್ಲಿ, ಕ್ರಾಂತಿಯ ನಂತರ, ಶಿಕ್ಷಣ ಮಂತ್ರಿ ಹೊಸೆ ವಾಸ್ಕೊನ್ಸೆಲೋಸ್ ಸಾರ್ವಜನಿಕ ಕಟ್ಟಡಗಳ ಗೋಡೆಗಳನ್ನು ಚಿತ್ರಕಾರರಿಗೆ ಬಿಟ್ಟುಕೊಟ್ಟರು. ಡಿಯಾಗೊ ರಿವೆರಾ, ಹೊಸೆ ಕ್ಲೆಮೆಂತೆ ಒರೊಸ್ಕೊ, ಡೇವಿಡ್ ಅಲ್ಫಾರೊ ಸಿಕೇರೊಸ್ ಈ ಅವಕಾಶದಿಂದ ಪ್ರಸಿದ್ಧರಾದವರು. ರೈತರು, ಕಾರ್ಮಿಕರು, ಮೂಲನಿವಾಸಿಗಳು ಇವರ ಗೋಡೆಗಳಲ್ಲಿ ನಾಯಕರಾದರು. ಆದರೂ ಅವು ಮಹಾ ಕಲಾವಿದರ ಕೃತಿಗಳೇ. ಜನ ಚಿತ್ರದ ಒಳಗಿದ್ದರು, ಕುಂಚ ಅವರ ಕೈಯಲ್ಲಿರಲಿಲ್ಲ.

ಸಿಕೇರೊಸ್ 1932ರಲ್ಲಿ ಲಾಸ್ ಏಂಜಲೀಸಿನ ಒಲ್ವೆರಾ ಬೀದಿಯಲ್ಲಿ ‘ಅಮೆರಿಕ ತ್ರೋಪಿಕಾಲ್’ ಎಂಬ ಗೋಡೆಚಿತ್ರವನ್ನು ಒಂದು ತಂಡ ಕಟ್ಟಿಕೊಂಡು ಬರೆದರು. ಉಷ್ಣವಲಯದ ಸೊಬಗನ್ನು ನಿರೀಕ್ಷಿಸಿದ್ದವರಿಗೆ ಅವರು ತೋರಿಸಿದ್ದು ಶಿಲುಬೆಗೆ ಕಟ್ಟಿದ ಮೂಲನಿವಾಸಿಯನ್ನೂ ಅವನ ತಲೆಯ ಮೇಲೆ ಕೂತ ಹದ್ದನ್ನೂ. ಬೀದಿಗೆ ಕಾಣುತ್ತಿದ್ದ ಭಾಗಕ್ಕೆ ಬಹುಬೇಗ ಬಿಳಿ ಬಣ್ಣ ಬಿತ್ತು, ಕೆಲವು ವರ್ಷಗಳಲ್ಲಿ ಉಳಿದದ್ದಕ್ಕೂ. 1960ರ ದಶಕದ ಕೊನೆಯ ಹೊತ್ತಿಗೆ ಬಿಸಿಲಿಗೆ ಆ ಬಿಳುಪು ಸವೆದು ಅಡಿಯ ಆಕೃತಿಗಳು ಮಬ್ಬಾಗಿ ಮೇಲೆದ್ದವು. ಮೆಕ್ಸಿಕನ್ ಮೂಲದ ಯುವ ಕಲಾವಿದರು ತಮ್ಮ ಗೋಡೆಗಳನ್ನು ಹುಡುಕುತ್ತಿದ್ದ ಕಾಲವೂ ಅದೇ. ಗೆಟ್ಟಿ ಸಂಸ್ಥೆಯ ಸಂರಕ್ಷಣೆಯ ನಂತರ 2012ರಿಂದ ಅದು ಸಾರ್ವಜನಿಕ ವೀಕ್ಷಣೆಗೆ ತೆರೆದಿದೆ.

ಗೌರವದ ಗೋಡೆ, ಶಿಕಾಗೊ, 1967

ಈ ಕಲೆಯ ಇತಿಹಾಸಕಾರರು ಸಾಮಾನ್ಯವಾಗಿ ಶಿಕಾಗೊದ ದಕ್ಷಿಣ ಭಾಗದಲ್ಲಿ 43ನೇ ಬೀದಿ ಮತ್ತು ಲ್ಯಾಂಗ್ಲಿ ಅವೆನ್ಯೂ ಕೂಡುವ ಮೂಲೆಯಿಂದ ಆರಂಭಿಸುತ್ತಾರೆ. ಅಲ್ಲೊಂದು ಎರಡಂತಸ್ತಿನ ಹಳೆಯ ಕಟ್ಟಡ. ನಗರ ನವೀಕರಣದ ಹೆಸರಿನಲ್ಲಿ ಕೆಡವಲಿದ್ದ ಪ್ರದೇಶ. ‘ಒಬಾಸಿ’ ಎಂದು ಕರೆಸಿಕೊಳ್ಳುತ್ತಿದ್ದ ಕಪ್ಪು ಅಮೆರಿಕನ್ ಸಂಸ್ಕೃತಿ ಸಂಘಟನೆಯ ಕಲಾವಿದರು 1967ರ ಬೇಸಿಗೆಯಲ್ಲಿ ಅದರ ಗೋಡೆಯನ್ನು ಆರಿಸಿಕೊಂಡರು. ವಿಲಿಯಂ ವಾಕರ್, ಜೆಫ್ ಡೊನಾಲ್ಡ್‌ಸನ್, ವಾಡ್ಸ್‌ವರ್ತ್ ಜ್ಯಾರೆಲ್, ಬಾರ್ಬರಾ ಜೋನ್ಸ್-ಹೋಗು ಮುಂತಾದ ಚಿತ್ರಕಾರರು, ಅವರ ಜೊತೆಗೆ ಛಾಯಾಗ್ರಾಹಕರು. ಗೋಡೆಯನ್ನು ಭಾಗಗಳಾಗಿ ಹಂಚಿ ಒಟ್ಟು ವಿನ್ಯಾಸ ಮಾಡಿದವರು ಸಿಲ್ವಿಯಾ ಅಬರ್‌ನೇತಿ. ಸಂಗೀತ, ಜಾಝ್, ರಂಗಭೂಮಿ, ಧರ್ಮ, ಸಾಹಿತ್ಯ, ಕ್ರೀಡೆ, ಮುತ್ಸದ್ದಿಗಳು ಹೀಗೆ ಒಂದೊಂದು ಭಾಗಕ್ಕೂ ಒಂದೊಂದು ವಿಷಯ. ಮುಹಮ್ಮದ್ ಅಲಿ, ಮಾಲ್ಕಂ ಎಕ್ಸ್, ಡಬ್ಲ್ಯು. ಇ. ಬಿ. ದು ಬೋಯಿಸ್, ನೀನಾ ಸಿಮೋನ್, ಆ ನಗರದವರೇ ಆದ ಕವಿ ಗ್ವೆಂಡೊಲಿನ್ ಬ್ರೂಕ್ಸ್ ಅಲ್ಲಿ ಮೂಡಿದರು. ಮಾರ್ಟಿನ್ ಲೂಥರ್ ಕಿಂಗ್ ಇರಲಿಲ್ಲ. ಅದು ಮರೆವಿನಿಂದ ಆದದ್ದಲ್ಲ. ಆ ಬೀದಿಯ ಆಗಿನ ಮನಸ್ಸು ಕಿಂಗ್ ಅವರ ಅಹಿಂಸೆಗಿಂತ ಮಾಲ್ಕಂ ಎಕ್ಸ್ ಅವರ ಕಡೆ ವಾಲಿತ್ತು ಎಂಬುದನ್ನು ಅದು ಹೇಳುತ್ತದೆ.

ಸಾರುವೆ ಕಟ್ಟಿ ಕೆಲಸ ನಡೆಯುತ್ತಿದ್ದಾಗ ಜನ ಬಂದು ನಿಂತು ಮಾತಾಡುತ್ತಿದ್ದರು. ಮುಗಿಯುವ ಮೊದಲೇ ಅದು ಕವಿಗೋಷ್ಠಿ, ಸಂಗೀತ, ಸಭೆಗಳ ಜಾಗವಾಯಿತು. ಬ್ರೂಕ್ಸ್ ತಾವೇ ಬಂದು ಗೋಡೆಯನ್ನು ಕುರಿತು ಬರೆದ ಕವಿತೆಯನ್ನು ಓದಿದರು. ಒಡಕೂ ಅಲ್ಲೇ ಹುಟ್ಟಿತು. ನಾರ್ಮನ್ ಪ್ಯಾರಿಶ್ ಬರೆದಿದ್ದ ಮುತ್ಸದ್ದಿಗಳ ಭಾಗವನ್ನು ಅದೇ ವರ್ಷ ಅಳಿಸಲಾಯಿತು. ಆ ಜಾಗದಲ್ಲಿ ಯೂಜಿನ್ ‘ಈಡಾ’ ವೇಡ್ ಹೊಸದಾಗಿ ಬರೆದರು. ನೆರೆಯವರಿಗೆ ಅದು ಒಪ್ಪಿಗೆಯಾಗಿರಲಿಲ್ಲ ಎಂಬುದು ಒಂದು ವಾದ, ಒಬ್ಬ ಕಲಾವಿದನಿಗೆ ಸಂಗಾತಿಗಳೇ ಅನ್ಯಾಯ ಮಾಡಿದರು ಎಂಬುದು ಇನ್ನೊಂದು. ಗೋಡೆ ಬೀದಿಗೆ ಸೇರಿದ್ದು ಎಂದಮೇಲೆ ಬದಲಾಯಿಸುವ ಹಕ್ಕೂ ಬೀದಿಗಿದೆಯೇ ಎಂಬ ಈ ಪ್ರಶ್ನೆ ಮುಂದೆ ಪ್ರತಿ ಊರಿನಲ್ಲೂ ಎದ್ದಿದೆ. ಅದಕ್ಕೆ ಎಲ್ಲರೂ ಒಪ್ಪುವ ಉತ್ತರ ಈವರೆಗೂ ಸಿಕ್ಕಿಲ್ಲ.

1971ರಲ್ಲಿ ಕಟ್ಟಡಕ್ಕೆ ಬೆಂಕಿ ಬಿದ್ದು ಗೋಡೆ ನೆಲಕಂಡಿತು. ಅದರ ಆಯುಷ್ಯ ನಾಲ್ಕು ವರ್ಷ. ಅಷ್ಟರಲ್ಲಿ ಡೆಟ್ರಾಯ್ಟ್ ಸೇರಿ ಹಲವು ನಗರಗಳಲ್ಲಿ ಅದರ ಮಾದರಿಯ ಗೋಡೆಗಳು ಎದ್ದಿದ್ದವು. ವಾಕರ್ ಮತ್ತು ಜಾನ್ ಪಿಟ್‌ಮನ್ ವೆಬರ್ ಶಿಕಾಗೊದಲ್ಲಿ ಕಪ್ಪು, ಬಿಳಿ, ಲ್ಯಾಟಿನೊ ಕಲಾವಿದರು ಒಟ್ಟಾಗಿ ಕೆಲಸ ಮಾಡುವ ಭಿತ್ತಿಚಿತ್ರ ತಂಡವನ್ನು ಕಟ್ಟಿದ್ದರು.

ಚಿಲಿಯ ದಳಗಳು

ರಾತ್ರೋರಾತ್ರಿ ಗೋಡೆ ತುಂಬಿಸುವ ಕೆಲಸಕ್ಕೆ ಶಿಸ್ತು ತಂದದ್ದು ಚಿಲಿಯ ಕಮ್ಯುನಿಸ್ಟ್ ಯುವಕರು 1968ರಲ್ಲಿ ಕಟ್ಟಿದ ರಮೋನಾ ಪಾರಾ ದಳ. 1946ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಯುವತಿಯ ಹೆಸರು ಅದು. ಒಬ್ಬರು ಗೆರೆ ಎಳೆಯುತ್ತಿದ್ದರು, ಕೆಲವರು ಅಕ್ಷರ ಮತ್ತು ಆಕೃತಿಗಳ ಒಳಗೆ ಬಣ್ಣ ತುಂಬುತ್ತಿದ್ದರು, ಕೆಲವರು ಹಿನ್ನೆಲೆ ಬಳಿಯುತ್ತಿದ್ದರು, ಕೊನೆಗೆ ಕಪ್ಪು ದಪ್ಪ ಅಂಚು. ಚಿತ್ರ ಬರೆಯಲು ಬಾರದವನೂ ಮೊದಲ ದಿನವೇ ಕೆಲಸಕ್ಕೆ ಒದಗುತ್ತಿದ್ದ. ಈ ಚಿತ್ರಗಳ ದಪ್ಪ ಅಂಚಿಗೂ ಚಪ್ಪಟೆ ಬಣ್ಣಕ್ಕೂ ಕಾರಣ ಅಭಿರುಚಿಗಿಂತ ಮಿಗಿಲಾಗಿ ಈ ಕೆಲಸ ಹಂಚಿಕೆ ಮತ್ತು ಪೊಲೀಸರು ಬರುವ ಮುನ್ನ ಮುಗಿಸಬೇಕಾದ ಅವಸರ.

ಸಾಲ್ವಡೋರ್ ಅಯೆಂದೆ ಅಧ್ಯಕ್ಷರಾದ ಮೇಲೆ ದಳಕ್ಕೆ ಹಗಲಿನಲ್ಲೇ ಬರೆಯುವ ಅವಕಾಶ ಸಿಕ್ಕಿತು. ಯುರೋಪಿನಲ್ಲಿ ಹೆಸರು ಮಾಡಿದ್ದ ಚಿಲಿಯ ಚಿತ್ರಕಾರ ರೊಬರ್ಟೊ ಮತ್ತಾ 1971ರಲ್ಲಿ ಸಾಂತಿಯಾಗೊದ ಲಾ ಗ್ರಾಂಹಾ ಬಡಾವಣೆಯಲ್ಲಿ ಈ ಹುಡುಗರ ಜೊತೆ ಕೂಡಿ ಈಜುಕೊಳದ ಗೋಡೆಯೊಂದನ್ನು ಬರೆದರು. 1973ರ ಸೆಪ್ಟೆಂಬರ್ 11ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಅದರ ಮೇಲೆ ಪದರದ ಮೇಲೆ ಪದರ ಬಣ್ಣ ಬಳಿಯಲಾಯಿತು. ಪ್ರಜಾಪ್ರಭುತ್ವ ಮರಳಿದ ಮೇಲೆ, ಸಂರಕ್ಷಕರು ಆ ಪದರಗಳನ್ನು ವರ್ಷಗಟ್ಟಲೆ ಕೆರೆದು, 2008ರ ಹೊತ್ತಿಗೆ ಅದನ್ನು ಮತ್ತೆ ಹೊರತೆಗೆದರು.

ಕ್ಯಾಲಿಫೋರ್ನಿಯ: ಸೇತುವೆಯ ಕಂಬ, ಕಾಲುವೆಯ ಗೋಡೆ

ಸ್ಯಾನ್ ಡಿಯಾಗೊದ ಬಾರಿಯೊ ಲೋಗನ್ ಬಡಾವಣೆಯನ್ನು ಮೊದಲು ಹೆದ್ದಾರಿ ಸೀಳಿತು, 1969ರಲ್ಲಿ ತೆರೆದ ಕೊರೊನಾಡೊ ಸೇತುವೆ ಅದನ್ನು ಮತ್ತೆ ತುಳಿಯಿತು. ಸೇತುವೆಯ ಅಡಿ ಉದ್ಯಾನ ಬೇಕೆಂದು ನಿವಾಸಿಗಳು ಕೇಳಿದ್ದರು. 1970ರ ಏಪ್ರಿಲ್ 22ರಂದು ಅಲ್ಲಿಗೆ ಹೆದ್ದಾರಿ ಪೊಲೀಸ್ ಠಾಣೆ ಕಟ್ಟಲು ಬುಲ್ಡೋಜರ್‌ಗಳು ಬಂದಾಗ ವಿದ್ಯಾರ್ಥಿಗಳು, ಮನೆಯ ಹೆಂಗಸರು, ಮಕ್ಕಳು ಯಂತ್ರಗಳಿಗೆ ಅಡ್ಡ ನಿಂತು ಜಾಗ ವಶಪಡಿಸಿಕೊಂಡರು. ಜಾಗ ಗೆದ್ದ ನಂತರ, 1973ರಿಂದ, ಕಾಂಕ್ರೀಟ್ ಕಂಬಗಳ ಮೇಲೆ ಚಿತ್ರಗಳು ಏರತೊಡಗಿದವು. ಮೆಕ್ಸಿಕನ್ ಮೂಲದ ಅಮೆರಿಕನ್ನರು ತಮ್ಮನ್ನು ಕರೆದುಕೊಳ್ಳುವ ಹೆಸರಿನಿಂದ ಚಿಕಾನೊ ಪಾರ್ಕ್ ಎಂದಾದ ಈ ಜಾಗ 2016ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು.

ಲಾಸ್ ಏಂಜಲೀಸಿನ ಮಹಾಗೋಡೆ ಇದೆಲ್ಲದರಲ್ಲಿ ದೊಡ್ಡದು, ಬಹುಶಃ ಅತ್ಯಂತ ಯೋಚಿಸಿ ಕಟ್ಟಿದ್ದೂ ಅದೇ. ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ತುಹುಂಗಾ ಹೊಳೆಯನ್ನು ಪ್ರವಾಹ ತಡೆಯಲೆಂದು ಕಾಂಕ್ರೀಟ್ ಕಾಲುವೆಯಾಗಿಸಲಾಗಿತ್ತು. ಅದರ ಅಂಚನ್ನು ಸುಂದರಗೊಳಿಸಲು ಸೇನೆಯ ಎಂಜಿನಿಯರುಗಳ ವಿಭಾಗ 1974ರಲ್ಲಿ ಚಿತ್ರಕಾರ್ತಿ ಜುಡಿತ್ ಬಾಕಾ ಅವರನ್ನು ಕೇಳಿತು. ಬಾಕಾ ಅಂದವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ಪಠ್ಯಪುಸ್ತಕ ಬಿಟ್ಟುಬಿಟ್ಟಿದ್ದ ಕ್ಯಾಲಿಫೋರ್ನಿಯದ ಇತಿಹಾಸವನ್ನು ಆ ಗೋಡೆಯ ಮೇಲೆ ಬರೆಯಲು ಹೊರಟರು. 1976ರಲ್ಲಿ ಇನ್ನಿಬ್ಬರ ಜೊತೆ ‘ಸ್ಪಾರ್ಕ್’ ಎಂಬ ಕಲಾಕೇಂದ್ರ ಸ್ಥಾಪಿಸಿ ಅದೇ ಬೇಸಿಗೆಯಲ್ಲಿ ಕೆಲಸ ಹಿಡಿದರು. ಮೊದಲ ವರ್ಷ 80 ಮಂದಿ ಹದಿಹರೆಯದವರು, ಅವರಲ್ಲಿ ಅನೇಕರು ಬಾಲಾಪರಾಧ ನ್ಯಾಯಾಲಯದ ಮೂಲಕ ಬಂದವರು. ಒಂದೇ ಬೇಸಿಗೆಯಲ್ಲಿ 1,000 ಅಡಿ ಬರೆದರು. ಮಳೆಗಾಲದಲ್ಲಿ ಕಾಲುವೆಗೆ ನೀರು ನುಗ್ಗುವುದರಿಂದ ಬೇಸಿಗೆ ಬಿಟ್ಟರೆ ಬೇರೆ ಕಾಲವಿರಲಿಲ್ಲ. 1983ರವರೆಗೆ ಐದು ಬೇಸಿಗೆ, 400ಕ್ಕೂ ಹೆಚ್ಚು ಯುವಜನ, ಒಟ್ಟು 2,754 ಅಡಿ ಉದ್ದ, ಸುಮಾರು ಹದಿಮೂರೂವರೆ ಅಡಿ ಎತ್ತರ. ಅಂದರೆ ಅರ್ಧ ಮೈಲಿಗೂ ತುಸು ಹೆಚ್ಚು.

ಕೆಲಸದ ಕ್ರಮ ಹೀಗಿತ್ತು: ಮೊದಲು ಇತಿಹಾಸಕಾರರೊಡನೆ ಮಾತುಕತೆ, ಆ ಘಟನೆಯನ್ನು ಬದುಕಿದವರಿಂದ ಕಥೆ ಕೇಳುವುದು, ಆಮೇಲೆ ಕರಡು ಚಿತ್ರ, ಅದಕ್ಕೆ ಚೌಕುಳಿ ಹಾಕಿ ಅಳತೆ ಹಿಗ್ಗಿಸಿ ಗೋಡೆಗೆ ಇಳಿಸುವುದು. ಮೂಲನಿವಾಸಿಗಳ ಕಾಲದಿಂದ 1950ರ ದಶಕದವರೆಗಿನ ಕಥೆಯಲ್ಲಿ 1930ರ ದಶಕದಲ್ಲಿ ಮೆಕ್ಸಿಕನ್ ಮೂಲದವರ ಗಡಿಪಾರು, ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರ ಸೆರೆಶಿಬಿರಗಳು, ಮೆಕ್ಸಿಕನ್ ಮೂಲದ ಯುವಕರ ಮೇಲೆ ದಾಳಿ ನಡೆದ 1943ರ ಝೂಟ್ ಸೂಟ್ ಗಲಭೆ ಬರುತ್ತವೆ. ಪರಸ್ಪರ ಹಗೆಯಿದ್ದ ಬೀದಿಗಳಿಂದ ಬಂದ ಹುಡುಗರು ಒಬ್ಬರ ಅಜ್ಜಂದಿರ ಕಷ್ಟವನ್ನು ಇನ್ನೊಬ್ಬರು ಬರೆದರು. ನನ್ನ ದೃಷ್ಟಿಯಲ್ಲಿ ಈ ಕಲೆಯ ನಿಜವಾದ ಸಾಧನೆ ಇಲ್ಲಿದೆ, ಅಳತೆಯಲ್ಲಿಲ್ಲ. 2011ರಲ್ಲಿ ಇಡೀ ಗೋಡೆಯ ಜೀರ್ಣೋದ್ಧಾರವಾಯಿತು. 2021ರಲ್ಲಿ ಮೆಲನ್ ಪ್ರತಿಷ್ಠಾನ ಕಥೆಯನ್ನು 1960ರ ದಶಕದಿಂದ ಮುಂದುವರಿಸಲು 50 ಲಕ್ಷ ಡಾಲರ್ ನೀಡಿತು.

ಗ್ರಾಫಿಟಿ ಕೂಟಗಳು ಮತ್ತು ಫಿಲಡೆಲ್ಫಿಯ

ಗ್ರಾಫಿಟಿ ಮೊದಲಿಗೆ ಒಬ್ಬನ ಹೆಸರಿನ ಮೆರವಣಿಗೆ. 1967ರ ಹೊತ್ತಿಗೆ ಫಿಲಡೆಲ್ಫಿಯದಲ್ಲಿ ‘ಕಾರ್ನ್‌ಬ್ರೆಡ್’, ನಾಲ್ಕಾರು ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ‘ಟಾಕಿ 183’ ಹೀಗೆ ಅಡ್ಡಹೆಸರುಗಳು ಊರು ತುಂಬಿದವು. ಸುರಂಗ ರೈಲಿನ ಪೂರ್ತಿ ಬೋಗಿಯನ್ನು ಒಂದು ರಾತ್ರಿಯಲ್ಲಿ ತುಂಬಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಹಾಗಾಗಿ ಕೂಟಗಳು ಹುಟ್ಟಿದವು: ಒಬ್ಬ ಅಂಚು ಬರೆಯುವವನು, ಒಬ್ಬ ಬಣ್ಣ ತುಂಬುವವನು, ಒಬ್ಬ ಕಾವಲು ಕಾಯುವವನು. ಹೊಸಬ ಹಿರಿಯನ ಚಿತ್ರಕ್ಕೆ ಬಣ್ಣ ತುಂಬುತ್ತಲೇ ಕಲಿಯುತ್ತಿದ್ದ.

ಫಿಲಡೆಲ್ಫಿಯದ ಮೇಯರ್ ವಿಲ್ಸನ್ ಗುಡ್ 1984ರಲ್ಲಿ ಗ್ರಾಫಿಟಿ ವಿರೋಧಿ ಜಾಲವೊಂದನ್ನು ಆರಂಭಿಸಿದರು. ಉದ್ದೇಶ ಗೋಡೆ ತೊಳೆಸುವುದು. ಕೆಲಸಕ್ಕೆ ಬಂದ ಚಿತ್ರಕಾರ್ತಿ ಜೇನ್ ಗೋಲ್ಡನ್ ಆ ಹುಡುಗರ ಕೈಯಲ್ಲಿದ್ದ ಕಸುಬನ್ನು ಗುರುತಿಸಿ ಅವರಿಂದಲೇ ಗೋಡೆಚಿತ್ರ ಬರೆಸಿದರು. 1996ರಲ್ಲಿ ಅದು ಪ್ರತ್ಯೇಕ ಭಿತ್ತಿಚಿತ್ರ ಕಾರ್ಯಕ್ರಮವಾಯಿತು. ಇಂದು ಆ ನಗರದಲ್ಲಿ ಇದರಿಂದ ಮೂಡಿದ ಕೃತಿಗಳು ಸಾವಿರಾರು. ಅಲ್ಲಿ ಬೆಳೆದ ಒಂದು ತಂತ್ರ ಈ ಕಲೆಯ ಸ್ವರೂಪವನ್ನೇ ಬದಲಿಸಿತು. ‘ಪ್ಯಾರಾಶೂಟ್ ಬಟ್ಟೆ’ ಎನ್ನುವ, ನೇಯ್ಗೆಯಿಲ್ಲದ ತೆಳು ಬಟ್ಟೆಯ ತುಂಡುಗಳ ಮೇಲೆ ಗೆರೆ ಎಳೆದು, ಯಾವ ಭಾಗಕ್ಕೆ ಯಾವ ಬಣ್ಣ ಎಂದು ಸಂಖ್ಯೆ ಬರೆದು ಹಂಚುತ್ತಾರೆ. ಶಾಲೆಯಲ್ಲಿ ಮಕ್ಕಳು, ವೃದ್ಧಾಶ್ರಮದಲ್ಲಿ ಹಿರಿಯರು, ಜೈಲಿನಲ್ಲಿ ಕೈದಿಗಳು ಕೂತಲ್ಲೇ ಬಣ್ಣ ತುಂಬುತ್ತಾರೆ. ಕೊನೆಗೆ ಅಕ್ರಿಲಿಕ್ ಅಂಟಿನಿಂದ ಎಲ್ಲವನ್ನೂ ಗೋಡೆಗೆ ಮೆತ್ತುತ್ತಾರೆ. ಸಾರುವೆ ಹತ್ತಲಾರದವರ ಕೈಗೂ ಕುಂಚ ಸಿಕ್ಕಿತು. ಆದರೆ ಸಂಖ್ಯೆ ನೋಡಿ ಬಣ್ಣ ತುಂಬುವವರಿಗೆ ವಿಷಯ ನಿರ್ಧರಿಸುವ ಸಭೆಯಲ್ಲೂ ಜಾಗವಿದ್ದರೆ ಮಾತ್ರ ಅದನ್ನು ಸಮುದಾಯದ ಚಿತ್ರ ಎನ್ನಬಹುದು.

ಎಲ್ಲ ಸಮುದಾಯದ ಗೋಡೆಗಳೂ ಜನರನ್ನು ಕೂಡಿಸುವುದಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ 1908ರಿಂದಲೇ ಪ್ರೊಟೆಸ್ಟಂಟ್ ಬೀದಿಗಳು ಕ್ಯಾಥೊಲಿಕ್ ದೊರೆಯನ್ನು ಸೋಲಿಸಿದ್ದ ರಾಜ ಮೂರನೇ ವಿಲಿಯಮ್‌ನ ಚಿತ್ರ ಬರೆದು ತಮ್ಮ ಎಲ್ಲೆ ಸಾರಿದವು. ಐರಿಷ್ ರಿಪಬ್ಲಿಕನ್ ಕೈದಿಗಳ 1981ರ ಉಪವಾಸ ಮುಷ್ಕರದ ನಂತರ ಕ್ಯಾಥೊಲಿಕ್ ಬೀದಿಗಳೂ ತಮ್ಮ ಗೋಡೆ ತುಂಬಿಸಿದವು.

ಗೋಡೆ ಯಾರದು

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ‘ಫೈವ್ ಪಾಯಿಂಟ್ಸ್’ ಎಂಬ ಹಳೆಯ ಕಾರ್ಖಾನೆ ಮಾಲೀಕರ ಒಪ್ಪಿಗೆಯಿಂದಲೇ ಗ್ರಾಫಿಟಿಯ ತೆರೆದ ಶಾಲೆಯಾಗಿತ್ತು. 2013ರ ನವೆಂಬರ್‌ನಲ್ಲಿ ಮಾಲೀಕರು ರಾತ್ರೋರಾತ್ರಿ ಎಲ್ಲಕ್ಕೂ ಬಿಳಿ ಬಣ್ಣ ಹೊಡೆಸಿದರು. ದೃಶ್ಯ ಕಲಾವಿದರ ಹಕ್ಕುಗಳ 1990ರ ಕಾಯಿದೆಯಡಿ 21 ಕಲಾವಿದರು ಹೋರಾಡಿ 2018ರಲ್ಲಿ 67 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಪಡೆದರು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಭಾರತದಲ್ಲಿ ಇಂಥ ಹಕ್ಕನ್ನು 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಂ ಕೊಡುತ್ತದೆ. ದಿಲ್ಲಿಯ ವಿಜ್ಞಾನ ಭವನದಿಂದ ಕಿತ್ತು ಉಗ್ರಾಣಕ್ಕೆ ಎಸೆದಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪದ ಮೊಕದ್ದಮೆಯಲ್ಲಿ ದಿಲ್ಲಿ ಹೈಕೋರ್ಟ್ 2005ರಲ್ಲಿ ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಎರಡೂ ತೀರ್ಪುಗಳು ಹೆಸರುಳ್ಳ ಕಲಾವಿದರನ್ನು ಕಾಪಾಡಿದವು. ಬಣ್ಣ ತುಂಬಿದ ನೆರೆಯವರಿಗೆ ಅವುಗಳಲ್ಲಿ ಜಾಗವಿಲ್ಲ.

ಕರ್ನಾಟಕದಲ್ಲಿ

ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳುಪಿನಿಂದ ಹಸೆ ಚಿತ್ತಾರ ಬರೆಯುವ ರೂಢಿ ಹಳೆಯದು. ಆದರೆ ನಗರದ ಸಮುದಾಯ ಭಿತ್ತಿಚಿತ್ರ ಅದರಿಂದ ಕವಲೊಡೆದದ್ದಲ್ಲ. ಇಲ್ಲಿ ಸಾರ್ವಜನಿಕ ಗೋಡೆಗಳು ಬಹುಕಾಲ ಚುನಾವಣೆಯ ಬರಹಕ್ಕೂ ಸಿನಿಮಾ ಪೋಸ್ಟರಿಗೂ ಮೀಸಲಾಗಿದ್ದವು. ತೆರೆದ ಸ್ಥಳಗಳ ವಿರೂಪಗೊಳಿಸುವಿಕೆಯನ್ನು ತಡೆಯುವ 1981ರ ರಾಜ್ಯ ಕಾಯಿದೆ ಬಂದದ್ದು ಅದನ್ನು ನಿಲ್ಲಿಸಲು. 2009ರ ಸುಮಾರಿಗೆ ಬೆಂಗಳೂರು ಮಹಾನಗರ ಪಾಲಿಕೆ ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಂದ ರಸ್ತೆಬದಿಯ ಗೋಡೆಗಳಲ್ಲಿ ಹಂಪಿ, ಮೈಸೂರು ಅರಮನೆ, ಕಾಡುಪ್ರಾಣಿಗಳನ್ನು ಬರೆಸಿತು. ಆ ಕಸುಬುದಾರರಿಗೆ ಅದು ಅನ್ನ ಕೊಟ್ಟಿತು. ಗೋಡೆಯ ಪಕ್ಕದ ನಿವಾಸಿಗಳನ್ನು ಮಾತ್ರ ಏನು ಬೇಕೆಂದು ಕೇಳಿದ್ದು ಕಡಿಮೆ.

ಹಾಗೆ ಕೇಳುವ ಕ್ರಮವನ್ನು ಗಟ್ಟಿಯಾಗಿ ಹಿಡಿದದ್ದು ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅರವಾನಿ ಆರ್ಟ್ ಪ್ರಾಜೆಕ್ಟ್. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಇದರಲ್ಲಿ ಚಿತ್ರದ ವಸ್ತುವೂ ಹೌದು, ಬರೆಯುವವರೂ ಹೌದು. ತಾವು ಅವಮಾನ ಉಂಡ ಬೀದಿಗಳಲ್ಲೇ, ಹಗಲು ಹೊತ್ತಿನಲ್ಲಿ, ಜನರೆದುರು ಏಣಿ ಹತ್ತಿ ತಮ್ಮ ಮುಖಗಳನ್ನು ಆಳೆತ್ತರಕ್ಕೂ ಮೀರಿ ಬರೆದರು. ನೋಡುತ್ತ ನಿಂತ ಅಂಗಡಿಯವರು, ದಾರಿಹೋಕರು ಮಾತಿಗೆ ಇಳಿದರು, ಕೆಲವರು ಕುಂಚ ಹಿಡಿದರು. ಬೆಂಗಳೂರಿನಿಂದ ಆಚೆ ದೇಶದ ಇತರ ನಗರಗಳಿಗೂ ಈ ತಂಡ ಹೋಗಿ, ಅಲ್ಲಲ್ಲಿನ ಮಹಿಳೆಯರ ಜೊತೆ ಕೂಡಿ ಗೋಡೆ ಬರೆದಿದೆ. 2024ರ ವೆನಿಸ್ ಬಿನಾಲೆಯಲ್ಲಿ ಇದೇ ತಂಡ ದೊಡ್ಡದೊಂದು ಭಿತ್ತಿಚಿತ್ರವನ್ನು ಬರೆಯಿತು.