ಹರೆಯದವರಿಗೆ ಹೇಳುವ ಹೊಣೆ: ಯಡಿಯೂರಿನ ಆಸುಪಾಸಿನ ಒಂದು ಇತಿಹಾಸ

ಹರೆಯಕ್ಕೆ ಬಂದ ಮಕ್ಕಳಿಗೆ ಮುಟ್ಟು, ವೀರ್ಯ, ಕೂಡುವಿಕೆ, ಬಸಿರು ಇವುಗಳ ವಿಚಾರವನ್ನು ಹೆತ್ತವರೇ ಕೂರಿಸಿಕೊಂಡು ತಿಳಿಸಬೇಕೆಂಬ ನಿರೀಕ್ಷೆ ಕನ್ನಡ ನಾಡಿನ ಮಟ್ಟಿಗೆ ಬಹಳ ಹಳೆಯದಲ್ಲ. ಹಿಂದಿನವರು ನಾಚಿಕೆಯಿಂದಲೋ ಮಡಿವಂತಿಕೆಯಿಂದಲೋ ಬಾಯಿ ಬಿಡುತ್ತಿರಲಿಲ್ಲ ಎಂಬ ವಿವರಣೆ ರೂಢಿಯಲ್ಲಿದೆಯಾದರೂ ಅದು ಅರ್ಧ ಮಾತ್ರ ಸರಿ. ತಂದೆತಾಯಿ ಸುಮ್ಮನಿದ್ದದ್ದು ನಿಜ, ಆದರೆ ಮನೆಯೂ ಊರೂ ಸುಮ್ಮನಿರಲಿಲ್ಲ, ಹೇಳುವ ಕೆಲಸವನ್ನು ಅಜ್ಜಿ, ಸೋದರತ್ತೆ, ಅತ್ತಿಗೆ, ನೆರೆಯ ಮುತ್ತೈದೆಯರಿಗೆ ಒಪ್ಪಿಸಿದ ಏರ್ಪಾಡೊಂದು ಇತ್ತು. ಆ ಏರ್ಪಾಡು ಹೇಗೆ ಸಡಿಲವಾಯಿತು, ಅದರ ಜಾಗಕ್ಕೆ ಏನೇನು ಬಂತು ಎಂಬುದನ್ನು ನೋಡಲು ದಕ್ಷಿಣ ಬೆಂಗಳೂರಿನ ಯಡಿಯೂರು ತಕ್ಕ ನೆಲೆ. ಕೆರೆಯ ದಂಡೆಯ ಈ ಹಳೆಯ ಹಳ್ಳಿಯ ಒಂದು ಕಡೆ ಪ್ಲೇಗಿನ ಕಾಲದಲ್ಲಿ, 1898ರಲ್ಲಿ, ಯೋಜಿಸಲಾದ ಬಸವನಗುಡಿ ಬೆಳೆಯಿತು, ಇನ್ನೊಂದು ಕಡೆ 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ ಬಂತು, ಮುಂದೆ ಕನಕಪುರ ರಸ್ತೆಗುಂಟ ಬನಶಂಕರಿಯ ಬಡಾವಣೆಗಳೂ ಹಬ್ಬಿದುದರಿಂದ, ಹಳ್ಳಿಯ ರೀತಿಯೂ ಬಡಾವಣೆಯ ರೀತಿಯೂ ಇಲ್ಲಿ ಒಂದೇ ಬೀದಿಯ ಎರಡು ಬದಿಗಳಲ್ಲಿ ಬಾಳಿದವು.

ಹಳೆಯ ಏರ್ಪಾಡಿನ ವಿವರಗಳು ಮೈಸೂರು ಸಂಸ್ಥಾನದ ಜನಾಂಗ ಸಮೀಕ್ಷೆಯಲ್ಲಿ ದಾಖಲಾಗಿವೆ. ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಅಧ್ಯಕ್ಷರಾಗಿದ್ದ ಎಚ್. ವಿ. ನಂಜುಂಡಯ್ಯನವರು 20ನೇ ಶತಮಾನದ ಆರಂಭದಲ್ಲಿ ಕೈಗೊಂಡ ಈ ಸಮೀಕ್ಷೆಯನ್ನು, ಅವರ ನಿಧನಾನಂತರ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು 1928ರಿಂದ ಮುಂದೆ ನಾಲ್ಕು ಸಂಪುಟಗಳಾಗಿ ಹೊರತಂದರು. ಹುಡುಗಿ ಮೈನೆರೆದಾಗ ನಡೆಯುತ್ತಿದ್ದ ಶಾಸ್ತ್ರಗಳನ್ನು ಅದು ಜಾತಿ ಜಾತಿಗೂ ಬಿಡಿಬಿಡಿಯಾಗಿ ಗುರುತಿಸುತ್ತದೆ: ಬೇಸಾಯದ ಸಮುದಾಯಗಳಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಿ, ಅಂದರೆ ಎಲೆ ಕೊಂಬೆಗಳ ಪುಟ್ಟ ಚಪ್ಪರ ಕಟ್ಟಿ, ಹುಡುಗಿಯನ್ನು ಅದರಲ್ಲಿ ಕೂರಿಸುವುದು, ಗುಡ್ಲಿನ ಸೊಪ್ಪು ತರುವ ಹಕ್ಕೂ ಹೊಣೆಯೂ ಸೋದರಮಾವನದಾಗಿರುವುದು, ಸಂಜೆಯ ಹೊತ್ತು ಮುತ್ತೈದೆಯರು ಸೇರಿ ಆರತಿ ಎತ್ತಿ ಹಾಡುವುದು, ಕೊಬ್ಬರಿ ಬೆಲ್ಲ ಎಳ್ಳು ತುಪ್ಪಗಳ ಪುಷ್ಟಿಯ ಆಹಾರ ಕೊಡುವುದು, ಕೊನೆಗೆ ನೀರು ಹಾಕಿ ಒಳಕ್ಕೆ ಕರೆದುಕೊಳ್ಳುವುದು. ಬ್ರಾಹ್ಮಣರ ಮನೆಗಳಲ್ಲಿ ಗುಡ್ಲಿನ ಬದಲು ಮೂಲೆಯ ಕೋಣೆ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ. ಸುದ್ದಿ ಊರಿಗೆಲ್ಲ ತಿಳಿಯುತ್ತಿತ್ತು, ತಂದೆಯೂ ಖರ್ಚು ಹೊರುತ್ತಿದ್ದ, ಆದರೆ ತಂದೆ ಮಗಳ ನಡುವೆ ಈ ಬಗ್ಗೆ ಒಂದು ಮಾತೂ ಆಡಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ. ತಾಯಿಯೂ ಹೆಚ್ಚಾಗಿ ಬಟ್ಟೆಯ ಬಳಕೆ, ಮುಟ್ಟಬಾರದ್ದು, ಹೋಗಬಾರದ ಕಡೆ ಇಷ್ಟನ್ನೇ ಹೇಳಿ, ಉಳಿದದ್ದನ್ನು ಗುಡ್ಲಿನ ಸುತ್ತ ಕೂತು ಚೇಷ್ಟೆಯ ಮಾತಾಡುವ ಹೆಂಗಸರ ಪಾಲಿಗೆ ಬಿಡುತ್ತಿದ್ದಳು.

ಈ ಏರ್ಪಾಡನ್ನು ಇಂದು ಹೊಗಳಿ ಬರೆಯುವವರಿದ್ದಾರೆ. ಅಲ್ಲಿ ಸಿಗುತ್ತಿದ್ದ ತಿಳಿವಳಿಕೆ ಎಷ್ಟು ಸರಿಯಾಗಿತ್ತು ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡಂತೆ ಕಾಣುವುದಿಲ್ಲ, ಹೊರಗೆ ಕೂರಿಸುವುದರ ಅವಮಾನವನ್ನಂತೂ ಮರೆತೇಬಿಡುತ್ತಾರೆ. ಪುಸ್ತಕದ ಜ್ಞಾನ ಇರಲಿಲ್ಲವೆಂದಲ್ಲ: 11ನೇ ಶತಮಾನದ ಚಂದ್ರರಾಜನ ‘ಮದನತಿಲಕ’ವಾಗಲಿ 15ನೇ ಶತಮಾನದ ಕಲ್ಲರಸನ ‘ಜನವಶ್ಯ’ವಾಗಲಿ ಕಾಮಶಾಸ್ತ್ರವನ್ನೇ ವಸ್ತುವಾಗಿ ಉಳ್ಳ ಕನ್ನಡ ಕೃತಿಗಳು, ಆದರೆ ಅವು ಅರಮನೆಯ ಪ್ರೌಢ ರಸಿಕರಿಗಾಗಿ ಹುಟ್ಟಿದವು, ಹದಿಮೂರರ ಹುಡುಗಿಯಾಗಲಿ ಹುಡುಗನಾಗಲಿ ಅವುಗಳ ಓದುಗರಲ್ಲ.

ಆದರೂ ಆ ಏರ್ಪಾಡು ಸಾಗಿದ್ದಕ್ಕೆ ಒಂದು ಬಲವಾದ ಕಾರಣವಿತ್ತು, ಅದು ವಯಸ್ಸಿನ ಲೆಕ್ಕ. ಮೇಲ್ಜಾತಿಗಳಲ್ಲಿ ಮೈನೆರೆಯುವ ಮೊದಲೇ ಮದುವೆಯಾಗಿ, ಮೈನೆರೆದ ಮೇಲೆ ಪ್ರಸ್ತ ಎಂದು ಕರೆಯಲಾಗುವ ಎರಡನೆಯ ಶಾಸ್ತ್ರ ನಡೆದು ಹುಡುಗಿ ಗಂಡನ ಮನೆ ಸೇರುತ್ತಿದ್ದಳು. ಬೇರೆಡೆ ಮೈನೆರೆದ ಕೆಲವೇ ವರ್ಷಗಳಲ್ಲಿ ಮದುವೆಯಾಗುತ್ತಿತ್ತು. ದೇಹ ಬಲಿಯುವುದಕ್ಕೂ ದಾಂಪತ್ಯಕ್ಕೂ ನಡುವೆ ಇಂದಿನ ಅರ್ಥದ ಹರೆಯ ಎಂಬ ಬಿಡುವು ಇರಲೇ ಇಲ್ಲವೆಂದರೂ ನಡೆದೀತು. ಮೈಸೂರು ಸಂಸ್ಥಾನ 1894ರಲ್ಲಿ ಜಾರಿಗೆ ತಂದ ಬಾಲ್ಯವಿವಾಹ ನಿಷೇಧದ ಕಾನೂನು ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ಮಾತ್ರ ತಡೆಯಿತು ಎಂಬುದರಿಂದಲೇ ಅಂದಿನ ಸ್ಥಿತಿಯನ್ನು ಊಹಿಸಬಹುದು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ಎಂದು ಗೊತ್ತುಮಾಡಿತು. 1955ರ ಹಿಂದೂ ವಿವಾಹ ಕಾಯಿದೆ 15 ಮತ್ತು 18 ಎಂದಿತು. 1978ರ ತಿದ್ದುಪಡಿ 18 ಮತ್ತು 21ಕ್ಕೆ ಏರಿಸಿತು. ಕಾನೂನಿಗಿಂತ ಮೊದಲೇ ಶಾಲೆ, ಕಾಲೇಜು, ನೌಕರಿಗಳು ಬಸವನಗುಡಿ ಜಯನಗರಗಳಲ್ಲಿ ಆ ವಯಸ್ಸನ್ನು ಇನ್ನೂ ಮುಂದಕ್ಕೆ ತಳ್ಳಿದ್ದವು. ಹೀಗೆ ಮೈನೆರೆತಕ್ಕೂ ಮದುವೆಗೂ ನಡುವೆ ಹತ್ತು ಹನ್ನೆರಡು ವರ್ಷಗಳ ಅವಧಿಯೊಂದು ಹೊಸದಾಗಿ ಹುಟ್ಟಿತು, ಅದರಲ್ಲಿ ಹುಡುಗ ಹುಡುಗಿಯರಿಗೆ ಯಾರು ಏನು ಹೇಳಬೇಕೆಂಬುದಕ್ಕೆ ಹಳೆಯ ಶಾಸ್ತ್ರಗಳಲ್ಲಿ ಉತ್ತರವಿರಲಿಲ್ಲ.

ವಿಚಿತ್ರವೆಂದರೆ ಈ ನಾಡಿನಲ್ಲಿ ಹೆತ್ತವರಿಗಿಂತ ಮುಂಚೆ ಮಾತನಾಡಿದ್ದು ಸರ್ಕಾರ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ನಡೆಸಿದ ಇಂಥವುಗಳಲ್ಲಿ ಜಗತ್ತಿನಲ್ಲೇ ಮೊದಲಿನವೆಂದು ಇವನ್ನು ಎಣಿಸಲಾಗುತ್ತದೆ. ಸ್ವಾತಂತ್ರ್ಯಾನಂತರ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೈಗೊಂಡ ಮೊದಲ ಕುಟುಂಬ ಯೋಜನಾ ಪ್ರಯೋಗಕ್ಕೂ, ದೆಹಲಿಯ ಜೊತೆಗೆ, ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದ ರಾಮನಗರವೇ ಆಯ್ಕೆಯಾಯಿತು. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆಯಾಗಿದ್ದು ಕೃತಕ ಸಾಧನಗಳನ್ನು ಒಪ್ಪದಿದ್ದುದರಿಂದ, ಅಮೆರಿಕದ ವೈದ್ಯ ಏಬ್ರಹಾಂ ಸ್ಟೋನ್ ಅವರ ಮಾರ್ಗದರ್ಶನದಲ್ಲಿ ಋತುಚಕ್ರದ ದಿನ ಎಣಿಸುವ ವಿಧಾನವನ್ನಷ್ಟೇ ಪರೀಕ್ಷಿಸಲಾಯಿತು: ಗರ್ಭ ನಿಲ್ಲಬಹುದಾದ ದಿನಗಳಿಗೆ ಒಂದು ಬಣ್ಣ, ನಿಲ್ಲದ ದಿನಗಳಿಗೆ ಇನ್ನೊಂದು ಬಣ್ಣದ ಮಣಿಗಳನ್ನು ಪೋಣಿಸಿದ ಸರಗಳನ್ನು ಹೆಂಗಸರಿಗೆ ಕೊಟ್ಟು ದಿನಕ್ಕೊಂದು ಮಣಿ ಸರಿಸಲು ಕಲಿಸಲಾಯಿತು. ಪ್ರಯೋಗ ಗೆಲ್ಲಲಿಲ್ಲ. 1951–52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನಕ್ಕಾಗಿ ಸಂದರ್ಶಕರು ಇಲ್ಲಿನ ಮನೆಮನೆಗೆ ಹೋಗಿ ಗಂಡಹೆಂಡಿರಿಗೆ ಮಕ್ಕಳೆಷ್ಟು ಬೇಕು, ತಡೆಯುವ ಬಗೆ ಗೊತ್ತೇ ಎಂದು ಕೇಳಿದರು. ಮುಂಬಯಿಯಲ್ಲಿ 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ ಧನ್ವಂತಿ ರಾಮರಾವ್ ಹುಬ್ಬಳ್ಳಿಯಲ್ಲೇ ಹುಟ್ಟಿದವರು. ಇಷ್ಟೆಲ್ಲ ಉದ್ಯಮವೂ ಮದುವೆಯಾದ ದಂಪತಿಗಳನ್ನು ಉದ್ದೇಶಿಸಿತ್ತು. ಹದಿನಾರರ ಮಗ ಅಥವಾ ಮಗಳು ಪಕ್ಕದ ಕೋಣೆಯಲ್ಲಿ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಜಾಹೀರಾತನ್ನು ರೇಡಿಯೋದಲ್ಲಿ ಕೇಳಿಸಿಕೊಳ್ಳಬಹುದಿತ್ತು, ಪ್ರಶ್ನೆ ಕೇಳುವಂತಿರಲಿಲ್ಲ.

ಜಯನಗರದ ಸೈಟುಗಳಲ್ಲಿ ಮನೆ ಕಟ್ಟಿದವರಲ್ಲಿ ಬಹುಪಾಲು ಬೇರೆ ಊರುಗಳಿಂದ ನೌಕರಿಗೆ ಬಂದ ಚಿಕ್ಕ ಸಂಸಾರಗಳು. ಅಜ್ಜಿ ಊರಲ್ಲಿ ಉಳಿದಳು, ಸೋದರತ್ತೆ ವರ್ಷಕ್ಕೊಮ್ಮೆ ಬರುವ ನೆಂಟಳಾದಳು, ಆರತಿ ಕೆಲವು ಮನೆಗಳಲ್ಲಿ ಸದ್ದಿಲ್ಲದ ಶಾಸ್ತ್ರವಾಯಿತು, ಕೆಲವೆಡೆ ನಿಂತೇಹೋಯಿತು. ಹೇಳುವವರು ಹೀಗೆ ಚದುರಿದ ಮೇಲೆ ಹೊಣೆ ತಾಯಿಯ ಮೇಲೆ ಬಿತ್ತು, ಆದರೆ ಆಕೆಗೆ ಅದನ್ನು ಹೇಳಿಕೊಟ್ಟವರಿರಲಿಲ್ಲ. ಈ ತೆರವನ್ನು ಕನ್ನಡದಲ್ಲಿ ತುಂಬಿದವರಲ್ಲಿ ಮೊದಲ ಹೆಸರು ಡಾ. ಅನುಪಮಾ ನಿರಂಜನ ಅವರದು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ವೈದ್ಯಕೀಯ ಓದಿ, ಧಾರವಾಡದಲ್ಲೂ ಬೆಂಗಳೂರಿನಲ್ಲೂ ವೃತ್ತಿ ನಡೆಸಿದ ಈ ಕಾದಂಬರಿಕಾರ್ತಿ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ಗಳ ಜೊತೆಗೆ ‘ಕೇಳು ಕಿಶೋರಿ’ ಎಂಬ ಪುಸ್ತಕವನ್ನೂ ಬರೆದರು. ಕೊನೆಯದರ ಮಹತ್ವ ಅದು ಯಾರನ್ನು ಉದ್ದೇಶಿಸಿದೆ ಎಂಬುದರಲ್ಲಿದೆ: ಮದುವೆಗೆ ಸಿದ್ಧಳಾದ ವಧುವನ್ನಲ್ಲ, ಇನ್ನೂ ಓದುತ್ತಿರುವ, ಮದುವೆ ದೂರವಿರುವ ಹುಡುಗಿಯನ್ನು ಅದು ನೇರವಾಗಿ ಮಾತಾಡಿಸುತ್ತದೆ. ಹೊಸದಾಗಿ ಹುಟ್ಟಿದ್ದ ಆ ವಯಸ್ಸಿಗೆ ಕನ್ನಡದಲ್ಲಿ ಸಿಕ್ಕ ಮೊದಮೊದಲ ಮನ್ನಣೆಗಳಲ್ಲಿ ಇದೊಂದು. ಬಾಯಲ್ಲಿ ಹೇಳಲಾರದ ತಾಯಿ ಮಗಳ ಮೇಜಿನ ಮೇಲೆ ಇಟ್ಟು ಹೋಗಬಹುದಾದ ಪುಸ್ತಕವಾಗಿ ಅದು ಮನೆಗಳನ್ನು ಸೇರಿತು. 1965ರಲ್ಲಿ ಆರಂಭವಾದ ‘ಸುಧಾ’ದಂಥ ವಾರಪತ್ರಿಕೆಗಳಿಂದ ಹಿಡಿದು ಮುಂದಿನ ದಶಕಗಳ ಪತ್ರಿಕೆಗಳವರೆಗೆ ವೈದ್ಯರ ಪ್ರಶ್ನೋತ್ತರ ಅಂಕಣಗಳು ಇದೇ ಕೆಲಸವನ್ನು, ಹೆಸರು ಮರೆಸಿದ ಕಾಗದಗಳ ಮೂಲಕ, ಮುಂದುವರಿಸಿದವು.

ಹುಡುಗರ ಪಾಲಿಗೆ ಇಷ್ಟೂ ಒದಗಲಿಲ್ಲ. ಅವರಿಗೆ ಗುಡ್ಲೂ ಇರಲಿಲ್ಲ, ಕಿಶೋರನನ್ನು ಕರೆದು ಹೇಳುವ ಅಷ್ಟೇ ಜನಪ್ರಿಯ ಪುಸ್ತಕವೂ ಬರಲಿಲ್ಲ. ಸಿಕ್ಕದ್ದು ವೀರ್ಯರಕ್ಷಣೆಯ ಉಪದೇಶ, ಬಸ್‌ನಿಲ್ದಾಣದ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು. ನಿದ್ದೆಯಲ್ಲಿ ವೀರ್ಯ ಹೋಗುವುದರಿಂದ ಶಕ್ತಿ ಕುಂದಿ ಬದುಕೇ ಹಾಳಾಗುತ್ತದೆಂಬ ಭಯಕ್ಕೆ 1960ರಲ್ಲಿ ಮನೋವೈದ್ಯ ಎನ್. ಎನ್. ವಿಗ್ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಧಾತು ನಷ್ಟವಾಗುತ್ತಿದೆಯೆಂಬ ಕೊರಗಿನಿಂದ ಬರುವ ಸುಸ್ತು, ಆತಂಕ, ಖಿನ್ನತೆಗಳ ಕೂಟ ಅದು. ಜಯನಗರದ ಮಗ್ಗುಲಲ್ಲೇ ಇರುವ, 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಸಂಸ್ಥೆಯ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಮನಸ್ಸಿನ ಇಂಥ ಕಾಯಿಲೆಗಳ ಬಗೆಗಿನ ಅಂಜಿಕೆಯನ್ನು ಎಷ್ಟೋ ಮನೆಗಳಲ್ಲಿ ತಗ್ಗಿಸಿದವು. ತಂದೆ ಎರಡು ಮಾತು ಹೇಳಿದ್ದರೆ ಕರಗುತ್ತಿದ್ದ ಭಯ ಮನೋವೈದ್ಯರ ಕೋಣೆಯವರೆಗೆ ಬೆಳೆದದ್ದು ಈ ಇತಿಹಾಸದ ಅತ್ಯಂತ ಮಂಕಾದ ಭಾಗ.

ಏಡ್ಸ್ ಬಂದ ಮೇಲೆ ವಿಷಯ ಶಾಲೆಗೆ ಹೋಯಿತು. ಬೆಂಗಳೂರಿನಲ್ಲಿ 2001ರಲ್ಲಿ ಸ್ತ್ರೀರೋಗ ತಜ್ಞೆಯರಾದ ಶೈಬ್ಯಾ ಸಲ್ಡಾನಾ ಮತ್ತು ಸಂಗೀತಾ ಸಕ್ಸೇನಾ ‘ಎನ್‌ಫೋಲ್ಡ್’ ಸಂಸ್ಥೆಯನ್ನು ಆರಂಭಿಸಿ ಮಕ್ಕಳೊಂದಿಗೂ ಪೋಷಕರೊಂದಿಗೂ ಕೆಲಸ ಮಾಡತೊಡಗಿದರು. ಕೇಂದ್ರ ಸರ್ಕಾರ 2005ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೊಡನೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಂದಾಗ ಅದರ ಚಿತ್ರಪಟಗಳ ಬಗ್ಗೆ ಗದ್ದಲವೆದ್ದು, 2007ರಲ್ಲಿ ಅದನ್ನು ತಡೆಹಿಡಿದ ರಾಜ್ಯಗಳ ಸಾಲಿಗೆ ಕರ್ನಾಟಕವೂ ಸೇರಿತು, ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ 2009ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದಿತು. ಸಂಸ್ಕೃತಿಯ ಹೆಸರಿನಲ್ಲಿ ಎತ್ತಿದ ಆ ಆಕ್ಷೇಪದಲ್ಲಿ, ಅದೇ ಸಂಸ್ಕೃತಿ ಹಿಂದೆ ಈ ಕೆಲಸಕ್ಕೆ ಜನರನ್ನು ನೇಮಿಸಿತ್ತು ಎಂಬ ನೆನಪು ಮಾತ್ರ ಇರಲಿಲ್ಲ. ಆರೋಗ್ಯ ಇಲಾಖೆ ಹದಿಹರೆಯದವರಿಗಾಗಿ ನಡೆಸುವ ‘ಸ್ನೇಹ ಕ್ಲಿನಿಕ್’ಗಳು, ಶಾಲೆಯ ಹುಡುಗಿಯರಿಗೆ ಪ್ಯಾಡ್ ಒದಗಿಸುವ ‘ಶುಚಿ’ ಯೋಜನೆ ಇವೆಲ್ಲ ಗದ್ದಲವಿಲ್ಲದೆ ಒಳಬಂದವು.

2012ರ ಪೋಕ್ಸೊ ಕಾಯಿದೆ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾನೂನು, ಒಪ್ಪಿಗೆಯ ವಯಸ್ಸನ್ನು 18ಕ್ಕೆ ನಿಲ್ಲಿಸಿದ ಮೇಲೆ ಹರೆಯದವರ ಪ್ರೇಮವೂ ಮನೆಯವರ ದೂರಿನ ಮೂಲಕ ಪೊಲೀಸ್ ಠಾಣೆ ಮುಟ್ಟತೊಡಗಿತು. ಎಷ್ಟೋ ಮನೆಗಳಲ್ಲಿ ಈ ವಿಷಯವಾಗಿ ಹೆತ್ತವರು ಆಡಿದ ಮೊದಲ ಮಾತು ಠಾಣೆಯ ದಾಖಲೆಯಲ್ಲಿ ಬರೆದದ್ದೇ ಇರಬೇಕು. ಹದಿನೇಳರ ಹುಡುಗಿ ಪ್ರಿಯಕರನೊಂದಿಗೆ ಹೋಗಿ ಮುಂದೆ ಅವನನ್ನೇ ಮದುವೆಯಾದ ಇಂಥದೊಂದು ಪ್ರಕರಣದಲ್ಲಿ, 2022ರ ನವೆಂಬರಿನಲ್ಲಿ, ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಒಪ್ಪಿಗೆಯ ವಯಸ್ಸನ್ನು ಕಾನೂನು ಆಯೋಗ ಮರುಪರಿಶೀಲಿಸಬೇಕೆಂದೂ, ಒಂಬತ್ತನೆಯ ತರಗತಿಯಿಂದ ಮಕ್ಕಳಿಗೆ ಈ ಕಾನೂನನ್ನು ತಿಳಿಸುವ ವ್ಯವಸ್ಥೆಯನ್ನು ಶಿಕ್ಷಣ ಇಲಾಖೆ ಮಾಡಬೇಕೆಂದೂ ಹೇಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತೆಯೂ ಆಕೆಯ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಆಕೆಯ ಹೆಸರು ಹೇಳಬೇಕಾಗಿಲ್ಲವೆಂದು ತೀರ್ಪಿತ್ತಿತ್ತು. ಆದರೆ 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ ಪ್ರಕಾರ ಹದಿನೆಂಟರೊಳಗಿನ ಹುಡುಗಿಯ ವಿಷಯದಲ್ಲಿ ಪೋಷಕರ ಲಿಖಿತ ಒಪ್ಪಿಗೆ ಇಂದಿಗೂ ಬೇಕೇ ಬೇಕು, ಆ ರುಜು ಹಾಕುವ ಮುನ್ನ ಮನೆಯಲ್ಲಿ ಯಾರಾದರೂ ಯಾರೊಂದಿಗಾದರೂ ಮಾತನಾಡಲೇಬೇಕಾಗುತ್ತದೆ.