ಬಜ್ಪೆಯ ಪದವಿನಿಂದ ವಿಮಾನಮಾರ್ಗ

ನಮ್ಮ ದಕ್ಷಿಣ ಕನ್ನಡದಲ್ಲಿ ರಸ್ತೆಗೆ ‘ಮಾರ್ಗ’ವೆಂದೇ ಹೆಸರು. ಮಾರ್ಗ ದಾಟುವಾಗ ಜಾಗ್ರತೆಯೆಂದು ಅಜ್ಜಿ ಮೊಮ್ಮಗನಿಗೆ ಹೇಳುತ್ತಾಳೆ. ಮಳೆಗೆ ಮಾರ್ಗವೆಲ್ಲ ಹೊಂಡ ಬಿದ್ದಿದೆಯೆಂದು ಬಸ್ಸಿನ ಡ್ರೈವರ್ ಗೊಣಗುತ್ತಾನೆ. ಘಟ್ಟದ ಮೇಲಿನವರಿಗೆ ಈ ಮಾತು ಪುಸ್ತಕದ ಮಾತಿನಂತೆ ಕೇಳಿಸಬಹುದು. ಆದರೆ ಶಬ್ದದ ಮೂಲವನ್ನು ನೋಡಿದರೆ ಅಜ್ಜಿಯ ಬಳಕೆ ಸಾಧುವಾದದ್ದೇ. ಸಂಸ್ಕೃತದ ಧಾತುಪಾಠದಲ್ಲಿ ‘ಮಾರ್ಗ’ ಎಂಬ ಧಾತುವಿಗೆ ಅರಸು, ಹುಡುಕು ಎಂದರ್ಥ. ಏನನ್ನೋ ಅರಸಿ ಹೊರಟವನ ಹೆಜ್ಜೆಯಿಂದ ಆದದ್ದು ಮಾರ್ಗ.

ಆಕಾಶದಲ್ಲಿ ಜಲ್ಲಿಯಿಲ್ಲ, ಡಾಮರಿಲ್ಲ, ಮೈಲಿಗಲ್ಲುಗಳಿಲ್ಲ. ಆದರೂ ನಾವು ‘ವಿಮಾನಮಾರ್ಗ’ ಎನ್ನುತ್ತೇವೆ. ಹಾಗಾದರೆ ಅಲ್ಲಿ ಅರಸಿದವರು ಯಾರು? ಅರಸಿದ್ದು ಏನನ್ನು? ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಏಳು ದಶಕಗಳ ಚರಿತ್ರೆಯನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ನೋಡೋಣ. ರಾಜ್ಯದ ದೊಡ್ಡ ನಿಲ್ದಾಣಗಳ ಕಥೆ ಬೇರೆ. ಜಿಲ್ಲೆಯ ನಿಲ್ದಾಣವೊಂದರಿಂದ ವಿಮಾನಗಳು ಯಾವ ಊರಿಗೆ, ಯಾವಾಗಿನಿಂದ ಹಾರಿದವು ಎಂಬುದು ಆ ಜಿಲ್ಲೆಯ ಮನೆಮನೆಯ ಕಥೆಯೂ ಆಗಿರುತ್ತದೆ.

ಮೊದಲು ಸ್ಥಳವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಂಗಳೂರು ಪೇಟೆಯಿಂದ ಈಶಾನ್ಯಕ್ಕೆ ಸುಮಾರು ೧೩ ಕಿಲೋಮೀಟರ್. ಮರವೂರಿನ ಸೇತುವೆಯಲ್ಲಿ ಫಲ್ಗುಣಿ ಹೊಳೆಯನ್ನು ದಾಟಿ ಗುಡ್ಡ ಹತ್ತಿದರೆ ಬಜ್ಪೆ, ಕೆಂಜಾರುಗಳ ಪದವು. ಪದವೆಂದರೆ ಗುಡ್ಡದ ನೆತ್ತಿಯ ಮೇಲಿನ ಸಮತಟ್ಟಾದ ನೆಲ. ಮೇಲೆ ಮುಳಿಹುಲ್ಲು, ಅಡಿಯಲ್ಲಿ ಮುರಕಲ್ಲು. ಕಣಿವೆಯೆಲ್ಲ ಗದ್ದೆ, ತೋಟ, ಹೊಳೆಗಳೇ ಆಗಿರುವ ಈ ಸೀಮೆಯಲ್ಲಿ ವಿಮಾನ ಇಳಿಯುವಷ್ಟು ಉದ್ದದ ಬಯಲು ಬೇಕೆಂದರೆ ಗುಡ್ಡದ ತಲೆಯನ್ನೇ ಹತ್ತಬೇಕು. ಹೀಗಾಗಿ ಬಜ್ಪೆಯ ನಿಲ್ದಾಣಕ್ಕೆ ಪದವೇ ಆಧಾರವಾಯಿತು. ಪದವಿನ ಅಂಚೇ ಅದರ ಮಿತಿಯೂ ಆಯಿತು. ಈ ಮಾತನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಈ ಅಂಚಿನ ಸುತ್ತಲೇ ತಿರುಗುತ್ತದೆ.

೧೯೫೧ರ ಡಿಸೆಂಬರ್ ೨೫ರಂದು ನಿಲ್ದಾಣ ತೆರೆಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದರು. ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆ ನಡೆಯುತ್ತಿದ್ದ ಕಾಲವದು. ನಮ್ಮ ಜಿಲ್ಲೆ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರಲು ಇನ್ನೂ ಐದು ವರ್ಷ ಕಾಯಬೇಕಿತ್ತು.

ಆ ದಿನಗಳಲ್ಲಿ ಮಂಗಳೂರಿಗೆ ಹೊರಜಗತ್ತಿನ ದಾರಿಗಳು ಹೇಗಿದ್ದವು? ರೈಲು ೧೯೦೭ರಲ್ಲೇ ಬಂದಿತ್ತು, ನಿಜ. ಆದರೆ ಅದು ದಕ್ಷಿಣಕ್ಕೆ, ಮಲಬಾರಿನ ಕಡೆಗೆ ಮುಖ ಮಾಡಿದ ರೈಲು. ಉತ್ತರದ ಮುಂಬಯಿಗೆ ಹೋಗಬೇಕಾದವನು ಅದನ್ನು ಹತ್ತಿದರೆ ಮೊದಲು ದಕ್ಷಿಣಕ್ಕೆ ಇಳಿದು, ಪೂರ್ವಕ್ಕೆ ತಿರುಗಿ, ದೇಶವನ್ನೇ ಬಳಸಬೇಕಿತ್ತು. ಹಾಸನದ ರೈಲುಮಾರ್ಗ ಬಂದದ್ದು ೧೯೭೯ರಲ್ಲಿ. ಕೊಂಕಣ ರೈಲು ಆದ್ಯಂತ ಓಡಿದ್ದು ೧೯೯೮ರಲ್ಲಿ. ಕರಾವಳಿಯ ರಸ್ತೆಯಲ್ಲಿ ಹೊಳೆಗೊಂದು ಕಡವು, ಕಡವಿಗೊಂದು ದೋಣಿ. ಸಮುದ್ರದಲ್ಲಿ ಹಡಗುಗಳಿದ್ದರೂ ಮಳೆಗಾಲದಲ್ಲಿ ಅವುಗಳ ಸಂಚಾರ ನಿಲ್ಲುತ್ತಿತ್ತು.

ಆದರೂ ಜನ ಮುಂಬಯಿಗೆ ಹೋಗುತ್ತಲೇ ಇದ್ದರು. ಎಳೆಯ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆಯಲು ಸೇರಿ, ರಾತ್ರಿಶಾಲೆಗಳಲ್ಲಿ ಓದಿ, ಕೆಲವರು ಗುಮಾಸ್ತರಾದರು, ಕೆಲವರು ತಾವೇ ಹೋಟೆಲು ತೆರೆದರು. ಈ ಕರಾವಳಿಯ ತುಂಡು ನೆಲದಲ್ಲೇ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂಬ ಐದು ಬ್ಯಾಂಕುಗಳು ೧೯೦೬ರಿಂದ ೧೯೩೧ರೊಳಗೆ ಹುಟ್ಟಿದವು. ಅವುಗಳ ವ್ಯವಹಾರವೂ ದೂರದೂರಕ್ಕೆ ಹಬ್ಬಿತು. ಮಂಗಳೂರಿನ ವಿಮಾನಕ್ಕೆ ಮುಂಬಯಿಯೇ ಮುಖ್ಯ ಗುರಿಯಾದದ್ದು ಏಕೆಂದು ಈಗ ಬೇರೆ ಹೇಳಬೇಕಾಗಿಲ್ಲ. ನೆಲದ ಮೇಲೆ ಜನ ಮೊದಲೇ ತುಳಿದಿದ್ದ ದಾರಿಯನ್ನೇ ವಿಮಾನ ಆಕಾಶದಲ್ಲಿ ಹಿಡಿಯಿತು.

೧೯೫೩ರಲ್ಲಿ ಏರ್ ಕಾರ್ಪೊರೇಶನ್ಸ್ ಕಾಯಿದೆ ಬಂತು. ದೇಶದೊಳಗೆ ಹಾರುತ್ತಿದ್ದ ಎಂಟು ಕಂಪನಿಗಳನ್ನು ಒಂದುಗೂಡಿಸಿ ಸರಕಾರ ಇಂಡಿಯನ್ ಏರ್‌ಲೈನ್ಸ್ ಎಂಬ ನಿಗಮವನ್ನು ರಚಿಸಿತು. ಅಲ್ಲಿಂದ ಮುಂದೆ ಸುಮಾರು ನಾಲ್ಕು ದಶಕ ಬಜ್ಪೆಯ ನಿಗದಿತ ವಿಮಾನವೆಂದರೆ ಬಹುಮಟ್ಟಿಗೆ ಈ ನಿಗಮದ ವಿಮಾನವೇ. ಮೊದಲಲ್ಲಿ ಇಪ್ಪತ್ತು ಮೂವತ್ತು ಜನರನ್ನು ಹೊರುವ ಡಕೋಟಾಗಳ ಕಾಲ. ಅನಂತರ ಕಾನ್ಪುರದಲ್ಲಿ ನಮ್ಮವರೇ ಕಟ್ಟಿದ ಆವ್ರೋ. ಆಮೇಲೆ ಜೆಟ್ ಯಂತ್ರದ ಬೋಯಿಂಗ್ ೭೩೭. ಎಷ್ಟೋ ವರ್ಷ ಮುಂಬಯಿಗೆ ದಿನಕ್ಕೊಂದೇ ಬೋಯಿಂಗ್. ಬೆಂಗಳೂರಿಗೆ ದಿನ ಬಿಟ್ಟು ದಿನ ಆವ್ರೋ. ಇಷ್ಟೇ ವೇಳಾಪಟ್ಟಿ. ಮನೆಯ ಅಂಗಳದಲ್ಲಿ ನಿಂತು ಮುಂಬಯಿ ವಿಮಾನದ ಸದ್ದು ಕೇಳಿದರೆ ಗಡಿಯಾರ ನೋಡಬೇಕಾಗಿರಲಿಲ್ಲ.

ಜನ ಬೆಳೆದರೂ ವಿಮಾನಗಳು ಏಕೆ ಹೆಚ್ಚಲಿಲ್ಲ ಎಂದು ನೀವು ಕೇಳಬಹುದು. ಉತ್ತರ ಪದವಿನ ಅಂಚಿನಲ್ಲಿದೆ. ರನ್‌ವೇ ಎಂದು ಕರೆಯುವ ಓಡುದಾರಿ ಆಗ ಸುಮಾರು ೧,೬೦೦ ಮೀಟರ್ ಉದ್ದವಿತ್ತು. ವಿಮಾನದ ಭಾರ ಹೆಚ್ಚಿದಷ್ಟೂ ನೆಲ ಬಿಟ್ಟೇಳಲು ಹೆಚ್ಚು ವೇಗ ಬೇಕು. ಆ ವೇಗ ಬರಲು ಹೆಚ್ಚು ದೂರ ಓಡಬೇಕು. ಇಳಿಯುವಾಗಲೂ ಹಾಗೆಯೇ, ನೆಲ ಒದ್ದೆಯಾಗಿದ್ದರೆ ನಿಲ್ಲಲು ಇನ್ನೂ ದೂರ ಬೇಕು. ದೂರದ ಊರಿಗೆ ಹಾರುವ ವಿಮಾನ ಇಂಧನವನ್ನು ಹೆಚ್ಚು ಹೊರಬೇಕಾದ್ದರಿಂದ ಅದರ ಭಾರವೂ ಹೆಚ್ಚು. ಗಿಡ್ಡ ಓಡುದಾರಿಯಿಂದ ಹತ್ತಿರದ ಊರಿಗೆ ಮಾತ್ರ ಮಾರ್ಗ. ದೂರದೇಶದ ಮಾತೇ ಇಲ್ಲ.

ಅಂಚು ಎಷ್ಟು ಹತ್ತಿರವಿತ್ತೆಂಬುದು ೧೯೮೧ರ ಆಗಸ್ಟ್ ೧೯ರಂದು ತಿಳಿಯಿತು. ಮಳೆಯಲ್ಲಿ ಇಳಿದ ಇಂಡಿಯನ್ ಏರ್‌ಲೈನ್ಸಿನ ಆವ್ರೋ ಓಡುದಾರಿಯ ಕೊನೆಯನ್ನು ಮೀರಿಹೋಗಿ, ಅದರಾಚೆ ನಿಂತಿತು. ಯಾರ ಪ್ರಾಣಕ್ಕೂ ಹಾನಿಯಾಗಲಿಲ್ಲ. ವಿಮಾನ ಮಾತ್ರ ಮತ್ತೆ ಹಾರಲಿಲ್ಲ.

೧೯೯೪ರಲ್ಲಿ ಹಳೆಯ ಕಾಯಿದೆ ರದ್ದಾಗಿ ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆಯಿತು. ಬಜ್ಪೆಗೆ ಜೆಟ್ ಏರ್‌ವೇಸ್ ಬಂತು, ೨೦೦೩ರಲ್ಲಿ ಹುಟ್ಟಿದ ಏರ್ ಡೆಕ್ಕನ್ನಿನ ಸಣ್ಣ ವಿಮಾನಗಳು ಬಂದವು, ಕಿಂಗ್‌ಫಿಷರ್ ಬಂತು. ಇವುಗಳಲ್ಲಿ ಏರ್ ಡೆಕ್ಕನ್ ಕಿಂಗ್‌ಫಿಷರಿನಲ್ಲಿ ಲೀನವಾಯಿತು, ಕಿಂಗ್‌ಫಿಷರ್ ೨೦೧೨ರಲ್ಲಿ, ಜೆಟ್ ೨೦೧೯ರಲ್ಲಿ ಹಾರಾಟ ನಿಲ್ಲಿಸಿದವು. ಸೋಜಿಗವೆಂದರೆ ಕಂಪನಿಗಳು ಮುಳುಗಿದರೂ ಮುಂಬಯಿಯ ಮಾರ್ಗ ಮುಳುಗಲಿಲ್ಲ. ಒಬ್ಬರು ಬಿಟ್ಟ ಹೊತ್ತನ್ನು ಇನ್ನೊಬ್ಬರು ಹಿಡಿದರು.

ಎಲ್ಲ ಊರಿಗೂ ಈ ಭಾಗ್ಯವಿಲ್ಲ. ಹೋಲಿಕೆಗೆ ಮೈಸೂರಿನ ಮಂಡಕಳ್ಳಿಯನ್ನು ನೋಡಿ. ಅಲ್ಲಿ ೨೦೧೦ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ವಿಮಾನ ಆರಂಭವಾಗಿ ಮರುವರ್ಷವೇ ನಿಂತಿತು. ೨೦೧೩ರಲ್ಲಿ ಇನ್ನೊಂದು ಕಂಪನಿ ಬಂದು ೨೦೧೪ರಲ್ಲಿ ಹಿಂದೆಗೆಯಿತು. ಮೈಸೂರಿನಲ್ಲಿ ಜನರಿಲ್ಲವೆಂದಲ್ಲ. ಬೆಂಗಳೂರು ಅಲ್ಲಿಂದ ಸುಮಾರು ೧೪೦ ಕಿಲೋಮೀಟರ್. ರೈಲಿದೆ, ಬಸ್ಸಿದೆ, ನಿಲ್ದಾಣಕ್ಕೆ ಹೋಗಿ ಕಾಯುವ ಹೊತ್ತಿನಲ್ಲಿ ಊರನ್ನೇ ಸೇರಬಹುದು. ಇಂಥ ಮಾರ್ಗಗಳಿಗೆ ಆಸರೆಯಾಗಲೆಂದೇ ಸರಕಾರ ೨೦೧೬ರಲ್ಲಿ ಉಡಾನ್ ಯೋಜನೆಯನ್ನು ಸಾರಿತು. ಟಿಕೆಟಿನ ದರಕ್ಕೆ ಮಿತಿ ಹಾಕಿ, ಕಂಪನಿಗೆ ಆಗುವ ಕೊರತೆಯನ್ನು ಕೆಲವು ವರ್ಷ ತುಂಬಿಕೊಡುವ ಏರ್ಪಾಡು ಅದು. ಅದರ ಬಲದಿಂದ ೨೦೧೭ರಲ್ಲಿ ಮೈಸೂರಿನಿಂದ ಚೆನ್ನೈಗೆ ವಿಮಾನ ಹಾರಿತು. ಕೈಹಿಡಿದು ನಡೆಸುವ ಮಾರ್ಗ ಒಂದು ಬಗೆ. ಜನರೇ ತುಳಿದು ಉಳಿಸುವ ಮಾರ್ಗ ಇನ್ನೊಂದು ಬಗೆ.

ಈಗ ಬಜ್ಪೆಗೆ ಹಿಂದಿರುಗೋಣ. ೧೯೭೩ರಲ್ಲಿ ತೈಲದ ಬೆಲೆ ಏರಿ ಕೊಲ್ಲಿಯ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಒಮ್ಮೆಗೇ ಹೆಚ್ಚಿತು. ಮುಂಬಯಿಗೆ ಹೋಗಿ ರೂಢಿಯಾದ ಕರಾವಳಿಯ ಜನ ಅಲ್ಲಿಂದ ಸಮುದ್ರ ದಾಟಿದರು. ಮುಂದೆ ಊರಿನಿಂದಲೇ ನೇರವಾಗಿ ಹೊರಡತೊಡಗಿದರು. ಆದರೆ ‘ನೇರ’ವೆಂಬುದು ಮಾತಿನಲ್ಲಿ ಮಾತ್ರ. ದುಬೈಗೆ ಹೋಗುವವನು ಮೊದಲು ಮುಂಬಯಿಗೆ ಹೋಗಬೇಕು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವವನು ಮುಂಬಯಿಯಲ್ಲಿ ಇಳಿದು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯೊಂದಿಗೆ ಬಸ್ಸು ಹಿಡಿದು, ಹಗಲು ರಾತ್ರಿ ಕುಲುಕಾಡಿಕೊಂಡು ಮನೆ ಸೇರಬೇಕು. ಸಿಕ್ಕಿದ ಅಲ್ಪ ರಜೆಯಲ್ಲಿ ಎರಡು ಮೂರು ದಿನ ಹೀಗೆ ದಾರಿಯಲ್ಲೇ ಕರಗುತ್ತಿತ್ತು. ತಂದೆಯ ಕಾಯಿಲೆಯ ಸುದ್ದಿ ಬಂದು ಹೊರಟ ಮಗನಿಗೆ ಆ ದಿನಗಳ ಬೆಲೆ ಏನೆಂದು ನೀವೇ ಊಹಿಸಿಕೊಳ್ಳಿ.

ಆದ್ದರಿಂದ ಹೊಸ ಓಡುದಾರಿಯ ಬೇಡಿಕೆ ಬರಿಯ ಪ್ರತಿಷ್ಠೆಯ ಬೇಡಿಕೆಯಾಗಿರಲಿಲ್ಲ. ಬಹುಕಾಲದ ಓಡಾಟದ ಮೇಲೆ, ನೆಲ ಬಿಟ್ಟುಕೊಟ್ಟ ಹಳ್ಳಿಗರ ತ್ಯಾಗದ ಮೇಲೆ, ೨೦೦೬ರಲ್ಲಿ ೨,೪೫೦ ಮೀಟರ್ ಉದ್ದದ ಎರಡನೆಯ ಓಡುದಾರಿ ಸಿದ್ಧವಾಯಿತು. ಅದೇ ವರ್ಷದ ಅಕ್ಟೋಬರ್ ೩ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರು–ದುಬೈ ಮಾರ್ಗವನ್ನು ತೆರೆಯಿತು. ಮುಂದೆ ಅಬುಧಾಬಿ, ಮಸ್ಕತ್, ದೋಹಾ, ಬಹರೈನ್, ಕುವೈತ್, ದಮ್ಮಾಮ್‌ಗಳ ಹೆಸರುಗಳೂ ಬಜ್ಪೆಯ ವೇಳಾಪಟ್ಟಿಯಲ್ಲಿ ಸೇರಿದವು. ಊರವರಿಗೆ ಈ ಹೆಸರುಗಳು ಹೊಸತಾಗಿರಲಿಲ್ಲ. ಮನೆಗೆ ಬರುವ ಕಾಗದಗಳ ಮೇಲೆ ಎಷ್ಟೋ ವರ್ಷಗಳಿಂದ ಓದಿದ ಹೆಸರುಗಳೇ. ದಿನಗಟ್ಟಲೆಯ ಪ್ರಯಾಣ ಮೂರೂವರೆ ಗಂಟೆಯ ಹಾರಾಟವಾಯಿತು.

ಇನ್ನು ಹೇಳಬೇಕಾದದ್ದು ದುಃಖದ ಮಾತು. ಆದರೆ ಹೇಳದೆ ಬಿಟ್ಟರೆ ಚರಿತ್ರೆ ಅಪೂರ್ಣ. ೨೦೧೦ರ ಮೇ ೨೨ರ ಬೆಳಗಿನ ಆರು ಗಂಟೆಯ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಒಳಗಿದ್ದ ೧೬೬ ಜನರಲ್ಲಿ ೧೫೮ ಮಂದಿ ತೀರಿಕೊಂಡರು. ಎಂಟು ಮಂದಿ ಬದುಕಿದರು. ಹೊರಗಡೆ ಮನೆಯವರು ಎದುರುಗೊಳ್ಳಲು ಬಂದು ನಿಂತಿದ್ದರು.

ಪದವಿನ ಮೇಲೆ ನಿಲ್ದಾಣ ಕಟ್ಟಿದ್ದೇ ಕಾರಣವೆಂದು ಆಗ ಹಲವರು ಆಡಿಕೊಂಡರು. ವಿಚಾರಣೆ ನಡೆಸಿದವರು ಕಂಡದ್ದು ಬೇರೆ. ವಿಮಾನ ಇರಬೇಕಾದ ಎತ್ತರಕ್ಕಿಂತ ಮೇಲಿನಿಂದ ಇಳಿಯುತ್ತಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಸುತ್ತಿಬರಬೇಕೆಂದು ಸಹಚಾಲಕ ಮೂರು ಸಲ ಎಚ್ಚರಿಸಿದ. ಮುಖ್ಯ ಚಾಲಕ ಇಳಿಸಿಯೇ ತೀರಿದ. ಸುಮಾರು ೧,೬೦೦ ಮೀಟರ್ ಹಿಂದೆ ಬಿದ್ದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಲೆಕ್ಕ ಹಾಕಿ ನೋಡಿ: ಹಳೆಯ ಓಡುದಾರಿಯ ಇಡೀ ಉದ್ದದಷ್ಟು ನೆಲ ಬಳಕೆಯಾಗದೆ ಹೋಯಿತು. ಎಷ್ಟೋ ವರ್ಷ ಬೇಡಿ, ನೆಲ ಕೊಟ್ಟು, ಗುಡ್ಡ ಕಡಿದು ಗಳಿಸಿದ ಉದ್ದ ಒಂದು ನಿಮಿಷದ ಹಟದಲ್ಲಿ ಕಳೆದುಹೋಯಿತು. ‘ಗೋ ಅರೌಂಡ್’ ಎನ್ನುವ ಆ ಸುತ್ತಿಬರುವಿಕೆ ವೈಮಾನಿಕರಿಗೆ ಅವಮಾನವಲ್ಲ, ಅದು ಅವರ ಧರ್ಮ. ನಾವು ಪ್ರಯಾಣಿಕರೂ ಇದನ್ನು ತಿಳಿದಿರಬೇಕು. ಮಳೆಗಾಲದಲ್ಲಿ ಬಜ್ಪೆಯ ಮೇಲೆ ಬಂದ ವಿಮಾನ ಇಳಿಯದೆ ಮೇಲೆದ್ದರೆ, ಬೇರೆ ನಿಲ್ದಾಣಕ್ಕೆ ತಿರುಗಿದರೆ, ತಡವಾಯಿತೆಂದು ಗೊಣಗುವ ಮೊದಲು ಆ ಬೆಳಗನ್ನು ಒಮ್ಮೆ ನೆನೆಯಬೇಕು.

ದುರಂತದ ಬಳಿಕವೂ ದುಬೈಯ ಮಾರ್ಗ ನಿಲ್ಲಲಿಲ್ಲ. ೨೦೨೦ರ ಅಕ್ಟೋಬರ್ ೩೧ರಂದು ನಿಲ್ದಾಣದ ಆಡಳಿತ ಅದಾನಿ ಸಂಸ್ಥೆಯ ಕೈಗೆ ಬಂತು. ೨೦೨೨ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಂಸ್ಥೆಗೆ ಮರಳಿತು. ಒಡೆಯರು ಬದಲಾದರು, ವಿಮಾನಗಳ ಬಣ್ಣ ಬದಲಾಯಿತು, ದಿಕ್ಕುಗಳು ಬದಲಾಗಲಿಲ್ಲ.

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅರಸಿದವರು ಲೋಟ ತೊಳೆದ ಹುಡುಗರು, ಗುಮಾಸ್ತರು, ದಾದಿಯರು, ಬಡಗಿಗಳು, ಅರಸಿದ್ದು ಅನ್ನವನ್ನು. ಆದರೆ ಅಷ್ಟೇ ಆಗಿದ್ದರೆ ಒಮ್ಮುಖದ ಮಾರ್ಗ ಸಾಕಾಗುತ್ತಿತ್ತು. ಅವರು ಮನೆಯನ್ನೂ ಅರಸಿದರು. ಹೋದ ದಾರಿಯಲ್ಲೇ ಹಿಂದಿರುಗಬೇಕೆಂದು ಬಯಸಿದರು. ನಿಮ್ಮ ಮನೆಯ ಮಕ್ಕಳು ಶಾಲೆಯ ಭೂಪಟ ಬಿಡಿಸಿಕೊಂಡು ಕುಳಿತಾಗ ಮಂಗಳೂರಿನಿಂದ ಮುಂಬಯಿಗೊಂದು, ದುಬೈಗೊಂದು ಗೆರೆ ಎಳೆಯಲು ಹೇಳಿ. ಆ ಗೆರೆಗಳ ಆಚೆಯ ತುದಿಯಲ್ಲಿ ನಿಮ್ಮ ನೆಂಟರಲ್ಲಿ, ನೆರೆಯವರಲ್ಲಿ ಯಾರಿದ್ದಾರೆಂದು ಅವರಿಗೆ ತಿಳಿಸಿ. ಬಜ್ಪೆಯ ಚರಿತ್ರೆಯ ಅರ್ಧ ಪಾಠ ಅಲ್ಲಿಗೆ ಮುಗಿಯುತ್ತದೆ.