ಲಕೋಟೆಗೆ ಬೆಲೆ ಬಂದ ಬಗೆ

ಜಸ್ಟಿನ್ ಲಾಲ್ಯೆ 1862ರಲ್ಲಿ ಪ್ಯಾರಿಸ್ಸಿನಲ್ಲಿ ಹೊರತಂದ ಅಂಚೆಚೀಟಿ ಆಲ್ಬಮ್ಮಿನಲ್ಲಿ ಒಂದೊಂದು ಚೀಟಿಗೂ ಅಳೆದಿಟ್ಟ ಚೌಕವಿತ್ತು. ಚೌಕಕ್ಕೆ ಹೊಂದದ ಚೀಟಿಯನ್ನು ಸಂಗ್ರಾಹಕರು ಕತ್ತರಿ ಹಿಡಿದು ಹೊಂದಿಸಿದರು. ಅಂಚೂ ಹೋಯಿತು, ಅಂಚಿನ ಹಲ್ಲುಗಳೂ ಹೋದವು. ಅದಕ್ಕೂ ಮೊದಲೇ ಕಾಗದವನ್ನು ನೀರಲ್ಲಿ ನೆನೆಸಿ ಚೀಟಿ ಬಿಡಿಸಿಕೊಂಡು, ಲಕೋಟೆಯನ್ನು ಕಸಕ್ಕೆ ಎಸೆದಾಗಿರುತ್ತಿತ್ತು. ಇಂದು ಹರಾಜಿನಲ್ಲಿ ಎಲ್ಲರೂ ಮುಗಿಬೀಳುವುದು ಹಾಗೆ ಎಸೆಯದೆ ಉಳಿದ ಲಕೋಟೆಗಳಿಗೆ. ಹತ್ತೊಂಬತ್ತನೆಯ ಶತಮಾನದ ಅಂಚೆ ಸಂಗ್ರಹದ ಚರಿತ್ರೆಯೆಂದರೆ ಒಂದು ತಲೆಮಾರು ಎಸೆದದ್ದನ್ನು ಮುಂದಿನ ತಲೆಮಾರು ಹುಡುಕಾಡಿದ ಚರಿತ್ರೆ.

ಎಲ್ಲರಿಗೂ ಗೊತ್ತಿರುವ ಪೆನ್ನಿ ಬ್ಲ್ಯಾಕ್ 1840ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಚಲಾವಣೆಗೆ ಬಂತು. ಜಗತ್ತಿನ ಮೊದಲ ಅಂಟುಚೀಟಿ ಎಂಬ ಕೀರ್ತಿ ಅದಕ್ಕಿದೆ, ಆದರೆ ಅಪರೂಪವೇನಲ್ಲ. ಆರು ಕೋಟಿಗೂ ಹೆಚ್ಚು ಅಚ್ಚಾಗಿದ್ದರಿಂದ ಮಧ್ಯಮ ವರ್ಗದ ಸಂಗ್ರಾಹಕನೂ ಮನಸ್ಸು ಮಾಡಿದರೆ ಒಂದನ್ನು ಕೊಳ್ಳಬಹುದು. ಅಪರೂಪದ ಮಾತು ಬಂದರೆ ಕಣ್ಣು ಹಾಯಿಸಬೇಕಾದ್ದು ಸಿಂಧ್ ಪ್ರಾಂತದ ಕಡೆಗೆ.

ಸಿಂಧ್ ಕಮಿಷನರ್ ಆಗಿದ್ದ ಬಾರ್ಟಲ್ ಫ್ರೇರ್ 1852ರ ಜುಲೈ 1ರಂದು ಜಾರಿಗೆ ತಂದ ಅರ್ಧ ಆಣೆಯ ‘ಸಿಂಧ್ ಡಾಕ್’ ಚೀಟಿಗಳು ಏಷ್ಯಾದಲ್ಲೇ ಮೊದಲನೆಯವು. ದುಂಡಗಿನ ಬಿಲ್ಲೆ, ಅದರೊಳಗೆ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಮುದ್ರೆ. ಬಿಳಿ ಮತ್ತು ನೀಲಿ ಬಣ್ಣದವು ಕಾಗದದ ಮೇಲೆ ಉಬ್ಬಚ್ಚು ಒತ್ತಿದವು. ಕೆಂಪಿನದು ಮಾತ್ರ ಬಲು ಸೂಕ್ಷ್ಮ: ಅರಗಿನಂಥ ಪದಾರ್ಥದ ಮೇಲೆ ಒತ್ತಿದ ಮುದ್ರೆ, ಬೆರಳು ತಾಗಿದರೆ ಬಿರುಕು ಬಿಡುತ್ತದೆ. ಕಾಗದಗಳ ಕಟ್ಟಿನಲ್ಲಿ ತಿಕ್ಕಾಡಿ ಅಂದೇ ಎಷ್ಟೋ ಪುಡಿಯಾದವು. ಇಂದು ಒಂದು ಕೆಂಪು ಬಿಲ್ಲೆ ಇಡಿಯಾಗಿ ಸಿಕ್ಕರೆ ಅದು ಸುದ್ದಿ.

ಇಡೀ ದೇಶಕ್ಕೆ ಚೀಟಿ ಬಂದದ್ದು 1854ರಲ್ಲಿ. ದೂರಕ್ಕೆ ತಕ್ಕ ದರ ಹೋಗಿ, ಕಾಲು ತೊಲ ತೂಕದ ಕಾಗದ ಎಲ್ಲಿಗೆ ಹೋದರೂ ಅರ್ಧ ಆಣೆ ಎಂದಾಯಿತು. ಇಂಗ್ಲೆಂಡಿನಿಂದ ತರಿಸುವಷ್ಟು ವ್ಯವಧಾನವಿಲ್ಲದೆ, ಕಲ್ಕತ್ತೆಯ ಸರ್ವೇ ಇಲಾಖೆಯ ಕ್ಯಾಪ್ಟನ್ ಥುಲಿಯರ್ ನಕ್ಷೆ ಅಚ್ಚುಹಾಕುತ್ತಿದ್ದ ಕಲ್ಲಚ್ಚಿನಲ್ಲೇ ಚೀಟಿ ಮುದ್ರಿಸಿಕೊಟ್ಟ. ನಾಲ್ಕಾಣೆಯದಕ್ಕೆ ಎರಡು ಬಣ್ಣ: ಎಂಟು ಮೂಲೆಯ ಕೆಂಪು ಚೌಕಟ್ಟು, ಒಳಗೆ ನೀಲಿ ರಾಣಿ. ಹಾಳೆ ಎರಡು ಸಲ ಕಲ್ಲಿನಡಿ ಹೋಗಬೇಕಿತ್ತು. ಎರಡನೆಯ ಸಲ ತಿರುಗುಮುರುಗಾಗಿ ಇಟ್ಟ ಹಾಳೆಗಳಲ್ಲಿ ವಿಕ್ಟೋರಿಯಾ ತಲೆಕೆಳಗಾದಳು. ಜನ ಅದನ್ನು ಗಮನಿಸದೆ ಕಾಗದಕ್ಕೆ ಅಂಟಿಸಿ ಕಳಿಸಿಬಿಟ್ಟರು. ಈಗ ಉಳಿದಿರುವುದು ಮೂವತ್ತರ ಆಸುಪಾಸು. ಬಹುಪಾಲನ್ನು ಎಂಟು ಮೂಲೆಗೆ ಸರಿಯಾಗಿ ಕತ್ತರಿಸಿಬಿಟ್ಟಿದ್ದಾರೆ. ಚೌಕವಾಗಿ ಉಳಿದದ್ದಕ್ಕೆ ಬೆಲೆ ಹೇಳುವುದೇ ಬೇಡ.

ಇಂಥ ತಪ್ಪುಗಳನ್ನು ಹುಡುಕುವ ಗೀಳೇ ಸಂಗ್ರಹವನ್ನು ಹವ್ಯಾಸದಿಂದ ಅಧ್ಯಯನಕ್ಕೆ ತಂದಿತು. ಲಂಡನ್ನಿನಲ್ಲಿ 1869ರಲ್ಲಿ, ಭಾರತದಲ್ಲಿ 1897ರಲ್ಲಿ ಸಂಗ್ರಾಹಕರ ಸಂಘಗಳು ಹುಟ್ಟಿದವು. ಕಾಗದ, ನೀರಚ್ಚು, ಹಲ್ಲುಗಳ ಲೆಕ್ಕ, ಒಂದೇ ಹಾಳೆಯ ಚೀಟಿಗಳ ನಡುವಿನ ಕೂದಲೆಳೆಯ ವ್ಯತ್ಯಾಸ ಎಲ್ಲವೂ ಚರ್ಚೆಯ ವಿಷಯವಾಯಿತು. ನಾಲ್ಕಾಣೆಯ ಈ ಕಲ್ಲಚ್ಚಿನ ಮೇಲೇ ಮಾರ್ಟಿನ್ ಮತ್ತು ಸ್ಮಿಥೀಸ್ 1930ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಜಮ್ಮು ಕಾಶ್ಮೀರದ ಚೀಟಿಗಳ ಮೇಲೆ ಡೇವಿಡ್ ಮ್ಯಾಸನ್ 1900ರ ಸುಮಾರಿಗೇ ಬರೆದಿದ್ದ. ಎಂಟು ದಶಕದ ನಂತರ ಅದೇ ವಿಷಯವನ್ನು ಮತ್ತೆ ಕೈಗೆತ್ತಿಕೊಂಡವರು ವೈದಿಕ ಅಗ್ನಿಚಯನದ ವಿದ್ವಾಂಸರಾದ ಫ್ರಿಟ್ಸ್ ಸ್ಟಾಲ್ ಎಂದರೆ ನಮ್ಮ ಸಂಸ್ಕೃತ ಪಂಡಿತರಿಗೂ ಆಶ್ಚರ್ಯವಾದೀತು. ಆ ಕಾಶ್ಮೀರದ ಮೊದಮೊದಲ ಚೀಟಿಗಳನ್ನು ನೀರುಬಣ್ಣದಲ್ಲಿ ಒತ್ತಿದ್ದರು. ಲಕೋಟೆಯಿಂದ ಬಿಡಿಸಲು ನೆನೆಹಾಕಿದವನಿಗೆ ಬಟ್ಟಲಲ್ಲಿ ಬಣ್ಣದ ನೀರು, ಕೈಯಲ್ಲಿ ಬಿಳಿ ಕಾಗದ. ನೆನೆಸಿ ಬಿಡಿಸುವ ಚಾಳಿಗೆ ಇದಕ್ಕಿಂತ ಒಳ್ಳೆಯ ಶಿಕ್ಷೆ ಬೇರೆ ಇಲ್ಲ.

ಇಷ್ಟಾದರೂ ಪೂರ್ತಿ ಲಕೋಟೆಯ ಮೇಲೆ ಒಲವು ಬೆಳೆದದ್ದು ನಿಧಾನವಾಗಿ. ಮಾರಿಷಸ್ಸಿನ 1847ರ ‘ಪೋಸ್ಟ್ ಆಫೀಸ್’ ಚೀಟಿಗಳು ಈ ವಿಷಯದಲ್ಲಿ ಕಣ್ಣು ತೆರೆಸಿದವು. ಪೋರ್ಟ್ ಲೂಯಿಯಿಂದ 1850ರ ಜನವರಿಯಲ್ಲಿ ಬೊಂಬಾಯಿಯ ಬೈಬಲ್ ಸೊಸೈಟಿಯ ಕಾರ್ಯದರ್ಶಿಗೆ ಬಂದ ಒಂದು ಕಾಗದದ ಮೇಲೆ ಒಂದು ಪೆನ್ನಿಯ ಎರಡು ಚೀಟಿಗಳಿದ್ದವು. ಅದು 1897ರಲ್ಲಿ ಭಾರತದ ಒಂದು ಬಜಾರಿನಲ್ಲಿ ಸಿಕ್ಕಿತು. ಕೊಂಡವನು ಕೊಟ್ಟದ್ದು 50 ಪೌಂಡು ಎನ್ನುತ್ತಾರೆ. ಅದೇ ಕಾಗದ 1968ರಲ್ಲಿ 3,80,000 ಡಾಲರಿಗೆ ಹೋಯಿತು. ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಕೆನ್ನೇರಳೆ ಚೀಟಿ 2014ರಲ್ಲಿ 94 ಲಕ್ಷ ಡಾಲರು ದಾಟಿದ್ದು ನಿಜವೇ; ಆದರೆ ಆ ಮಾಸಿದ ತುಂಡು ನಮಗೆ ಹೇಳುವುದು ಕಡಿಮೆ. ಬೊಂಬಾಯಿಯ ಕಾಗದಕ್ಕೆ ಯಾರು, ಯಾರಿಗೆ, ಯಾವಾಗ ಎಂಬುದೆಲ್ಲ ಉಂಟು.

ಲಂಡನ್ನಿನ ಹರಾಜುಗಾರ ರಾಬ್ಸನ್ ಲೋ ಅಂಚೆ ಚರಿತ್ರೆಯನ್ನು ಒಂದು ಪ್ರತ್ಯೇಕ ಶಾಖೆಯಾಗಿ ನಿಲ್ಲಿಸಿದ ಮೇಲೆ ಚೀಟಿಯ ಮೇಲೆ ಬಿದ್ದ ಠಸ್ಸೆಗೂ ಚೀಟಿಯಷ್ಟೇ ಮಾನ ಬಂತು. ವಿಕ್ಟೋರಿಯಾಳ ಭಾರತೀಯ ಚೀಟಿಯ ಮೇಲೆ ‘ಬಿ 172’ ಎಂದಿದ್ದರೆ ಅದು ಒತ್ತಿದ್ದು ಸಿಂಗಪುರದಲ್ಲಿ. 1867ರವರೆಗೆ ಅಲ್ಲಿ ನಡೆದದ್ದು ಭಾರತದ ಚೀಟಿಯೇ. ಮುಂಗಡ ಹಣ ಕಟ್ಟದ ಬೇರಿಂಗ್ ಕಾಗದಕ್ಕೆ ಪಡೆದವನು ದುಪ್ಪಟ್ಟು ತೆರಬೇಕಿತ್ತು, ಅದರ ಗುರುತು ಮುಖದ ಮೇಲೇ ಇರುತ್ತದೆ. ಸೂಯೆಜ್ ಕಾಲುವೆಗೆ ಮುಂಚಿನ ಲಂಡನ್ ಕಾಗದದಲ್ಲಿ ‘ಮಾರ್ಸೇಲ್ಸ್ ಮೂಲಕ’ ಎಂದು ಬರೆದಿದ್ದರೆ ಕಳಿಸಿದವನಿಗೆ ಅವಸರವಿತ್ತು, ಹೆಚ್ಚು ದುಡ್ಡು ಕೊಡಲೂ ಅಡ್ಡಿಯಿರಲಿಲ್ಲ.

ಠಸ್ಸೆಗೂ ಲಕೋಟೆಗೂ ಬಂದ ಈ ಮಾನದಿಂದ ಹೆಚ್ಚು ಲಾಭವಾದದ್ದು ಮೈಸೂರಿಗೆ. ಜುನಾಗಢ, ಹೈದರಾಬಾದು, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳೆಲ್ಲ ತಮ್ಮದೇ ಚೀಟಿ ಹೊರಡಿಸಿದವು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ಮೈಸೂರು ಅಂಚೆ ಮಾತ್ರ ಅಂಟುಚೀಟಿಯ ಗೊಡವೆಗೆ ಹೋಗಲಿಲ್ಲ. ಹರಿಕಾರರ ಜಾಲ, ಅಂಚೆಮನೆಗಳು, ಮುದ್ರೆಗಳು ಎಲ್ಲ ಇದ್ದವು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಚೀಟಿ ಇಲ್ಲದ್ದರಿಂದ ಹಳೆಯ ಆಲ್ಬಮ್ಮುಗಳಲ್ಲಿ ಮೈಸೂರಿಗೆ ಒಂದು ಪುಟವೂ ಇರಲಿಲ್ಲ. ಲಕೋಟೆ, ಮಡಿಕೆ ಕಾಗದಗಳಿಗೆ ಬೆಲೆ ಬಂದ ಮೇಲಷ್ಟೇ ಅಂಚೆ ಮುದ್ರೆ ಬಿದ್ದ ಮೈಸೂರಿನ ಕಾಗದಗಳು ಪ್ರದರ್ಶನದ ಚೌಕಟ್ಟಿಗೆ ಏರಿದವು.

ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ಹಳೆಯ ಕಳ್ಳರು ಚೀಟಿಯನ್ನೇ ನಕಲು ಮಾಡುತ್ತಿದ್ದರು. ಈಗಿನ ಜಾಣರು ಚೀಟಿಯಿಲ್ಲದ ಅಸಲಿ ಲಕೋಟೆಗೆ ಅಸಲಿ ಚೀಟಿಯನ್ನೇ ಅಂಟಿಸಿ, ಎರಡಕ್ಕೂ ತಾಗುವಂತೆ ನಕಲಿ ಠಸ್ಸೆ ಒತ್ತುತ್ತಾರೆ. ಚೀಟಿಯೂ ಸಾಚಾ, ಲಕೋಟೆಯೂ ಸಾಚಾ, ಸುಳ್ಳೆಂದರೆ ಅವುಗಳ ಸಂಬಂಧ. ದರ, ದಾರಿ, ತಾರೀಖು ಮೂರೂ ಒಂದಕ್ಕೊಂದು ಕೂಡುತ್ತವೆಯೇ ಎಂದು ಲೆಕ್ಕ ಹಾಕಬಲ್ಲವನು ಇದನ್ನು ಹಿಡಿಯಬಲ್ಲ. ನೇರಳಾತೀತ ದೀಪ ಆಮೇಲಿನ ಮಾತು.

ಇನ್ನೂ ಕೈ ಹಾಕದ ಜಾಗವೆಂದರೆ ಕಾಗದದ ಒಳಮೈ. ಲಂಡನ್ನಿನ ತಜ್ಞ ಠಸ್ಸೆಯ ಬಗೆಯನ್ನು ಕ್ಷಣದಲ್ಲಿ ಹೇಳುತ್ತಾನೆ. ಮಡಿಕೆ ಬಿಚ್ಚಿದರೆ ಅಲ್ಲಿರುವುದು ಮೋಡಿ ಅಕ್ಷರದ ಕನ್ನಡ, ಅಡಿಕೆಯ ಧಾರಣೆ, ಸಾಲದ ತಗಾದೆ, ಮಗಳ ಬಾಣಂತನದ ಸುದ್ದಿ. ಅದನ್ನು ಹರಾಜಿನ ಪಟ್ಟಿಗಳು ‘ದೇಶಭಾಷೆಯ ಪತ್ರ’ ಎಂದಷ್ಟೇ ಬರೆದು ಮುಂದೆ ಹೋಗುತ್ತವೆ. ಮೋಡಿ ಓದಬಲ್ಲವರು ನಮ್ಮಲ್ಲೂ ಕಡಿಮೆಯಾಗುತ್ತಿದ್ದಾರೆ. ಅವರನ್ನು ಸಂಗ್ರಾಹಕರ ಪಕ್ಕದಲ್ಲಿ ಕೂರಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಮೇಜು ಮತ್ತು ಒಂದಿಷ್ಟು ಸಂಬಳ.